ಅತ್ತೆ ಸ್ಟೋರ್ಸಿನ ಸದಸ್ಯತ್ವ

ನಮ್ಮ ಮನೆಗೆ ಯಾವ ತಾಪತ್ರಯವೂ ತಾನಾಗಿ ಬರುವುದಿಲ್ಲ. ನಮ್ಮವರೇ ಹೋಗಿ, ಸಾಲಿನಲ್ಲಿ ನಿಂತು, ಫಾರಂ ತುಂಬಿ ಕರೆದುಕೊಂಡು ಬರುತ್ತಾರೆ. ಹೋದ ವರ್ಷ ಹಾಗೆ ಬಂದದ್ದು ಒಂದು ಕಾರ್ಡು. ಈ ದಿಲ್ಲಿಯಲ್ಲಿ ರೋಹಿಣಿ ಬಡಾವಣೆ ದಾಟಿ ಹರಿಯಾಣದ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ಗೋದಾಮು ಅಂಗಡಿಯದು. ವರ್ಷಕ್ಕೆ ಇಷ್ಟು ಅಂತ ಚಂದಾ ಕಟ್ಟಿ ಸದಸ್ಯರಾದವರಿಗೆ ಮಾತ್ರ ಒಳಗೆ ಪ್ರವೇಶ. ದುಡ್ಡು ಕೊಟ್ಟು ಸಾಮಾನು ತರಲಿಕ್ಕೆ ಮೊದಲು ದುಡ್ಡು ಕೊಟ್ಟು ಅಪ್ಪಣೆ ಪಡೆಯಬೇಕು ಅನ್ನುವ ಏರ್ಪಾಡು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆ ಕಾರ್ಡಿನಿಂದ ಲಾಭವೋ ನಷ್ಟವೋ ಎಂದು ತೀರ್ಮಾನ ಆಗುವಷ್ಟರಲ್ಲಿ, ನನ್ನ ಹೆಸರಿನಲ್ಲಿರುವ ಸರ್ಕಾರಿ ಕ್ವಾರ್ಟರ್ಸು ಕೈಬಿಟ್ಟು ಹೋಗುವುದರಲ್ಲಿತ್ತು.

ನಾವು ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರದ ನೌಕರರು, ಬೇರೆ ಬೇರೆ ಮಂತ್ರಾಲಯ. ನಮ್ಮವರು ನನಗಿಂತ ಒಂದು ದರ್ಜೆ ಮೇಲೆ. ಅದನ್ನು ಆಫೀಸಿನಲ್ಲಿ ಯಾರೂ ಗಮನಿಸದಿರುವುದರಿಂದ ಮನೆಯಲ್ಲಿ ನಾವು ಗಮನಿಸಬೇಕು.

೧. ವ್ಯಾಪಾರದ ಹೆಸರು

ಸದಸ್ಯತ್ವದ ಫಾರಂನಲ್ಲಿ ‘ಅಂಗಡಿಯ ಹೆಸರು’ ಎಂದು ಒಂದು ಕಾಲಂ ಇತ್ತಂತೆ. ಅಂಗಡಿ ಇಲ್ಲವಲ್ಲ ಎಂದು ನಮ್ಮವರು ಕೇಳಿದರೆ, ಕೌಂಟರಿನ ಹುಡುಗಿ ಏನಾದರೂ ಬರೆಯಿರಿ ಸಾರ್, ಖಾಲಿ ಬಿಟ್ಟರೆ ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಅಂದಳಂತೆ. ಸರಿಯಾಗಿ ಬದುಕುವವರು ಆಗಲೇ ವಾಪಸು ಬರುತ್ತಿದ್ದರು. ನಮ್ಮವರಿಗೆ ತುಮಕೂರಿನಲ್ಲಿ ನನ್ನ ಅಮ್ಮನ ಉಗ್ರಾಣ ನೆನಪಾಯಿತು. ಸೂರಿನವರೆಗೆ ಡಬ್ಬ, ಅದರ ಮೇಲೆ ಇನ್ನೊಂದು ಡಬ್ಬ. ಇಂಗ್ಲಿಷ್ ದೊಡ್ಡಕ್ಷರದಲ್ಲಿ ‘ಅತ್ತೆ ಸ್ಟೋರ್ಸ್’ ಎಂದು ಬರೆದು ಬಂದರು. ನನ್ನ ಅಮ್ಮನಿಗೆ ಗುಡಿ ಕಟ್ಟಿಸಿದವರ ಹಾಗೆ ಹೇಳಿಕೊಂಡರು.

ಕಾರ್ಡು ಅಂಚೆಯಲ್ಲಿ ಬಂತು. ಇಂಗ್ಲಿಷಿನ ಕೆಳಗೆ ಹಿಂದಿಯಲ್ಲೂ ಹೆಸರು ಅಚ್ಚು ಹಾಕಿದ್ದರು. ಇಲ್ಲಿಯವರಿಗೆ ಅತ್ತೆ ಎಲ್ಲಿ ಗೊತ್ತಾಗಬೇಕು? ಆ ಇಂಗ್ಲಿಷ್ ಅಕ್ಷರ ಕಂಡರೆ ಅವರಿಗೆ ನೆನಪಾಗುವುದು ಆಟಾ, ಅಂದರೆ ಗೋಧಿ ಹಿಟ್ಟು. ಹಿಂದಿಯಲ್ಲಿ ‘ಆಟೇ ಸ್ಟೋರ್ಸ್’ ಎಂದು ಮಾಡಿದ್ದರು. ಆಗ ಹನ್ನೊಂದನೇ ಕ್ಲಾಸಿನಲ್ಲಿದ್ದ ಮಗಳು ಅದನ್ನು ನೋಡಿ, “ಪಪ್ಪಾ, ಯೇ ತೋ ಹಿಟ್ಟಿನ ಅಂಗಡಿ ಬನ್ ಗಯೀ” ಅಂದಳು. ಅವಳ ಕನ್ನಡ ಯಾವಾಗಲೂ ಹಿಂದಿಯ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತದೆ.

ಮುಂದಿನ ವಾರದಿಂದ ಹಿಟ್ಟಿನ ಗಿರಣಿಗಳ ಏಜೆಂಟರು ಫೋನು ಮಾಡತೊಡಗಿದರು. ತಿಂಗಳಿಗೆ ಎಷ್ಟು ಮೂಟೆ ಕಳಿಸಬೇಕು ಎಂದು ಕೇಳುವುದು. ನಮ್ಮವರು ಒಬ್ಬೊಬ್ಬರಿಗೂ ತಾಳ್ಮೆಯಿಂದ, ಇದು ಆಟಾ ಅಲ್ಲ, ನನ್ನ ‘ಸಾಸ್’, ಅಂದರೆ ಹೆಂಡತಿಯ ತಾಯಿ ಎಂದು ತಮ್ಮ ಹಿಂದಿಯಲ್ಲಿ ವಿವರಿಸುತ್ತಿದ್ದರು. ಒಬ್ಬ ಏಜೆಂಟು ಪೂರ್ತಿ ಕೇಳಿಸಿಕೊಂಡು, “ಅಚ್ಛಾ, ಸಾಸ್. ಟಮಾಟರ್ ವಾಲಾ ಯಾ ಚಿಲ್ಲೀ ವಾಲಾ?” ಅಂದ.

೨. ನಲವತ್ತೆಂಟು ಸುರುಳಿ

ಮೊದಲ ಸಲ ನಾನೂ ಹೋಗಿದ್ದೆ. ಒಳಗೆ ಎಲ್ಲವೂ ದೊಡ್ಡದು. ಗಾಡಿ ದೊಡ್ಡದು, ಪೊಟ್ಟಣ ದೊಡ್ಡದು, ಬಂದವರ ಆಸೆಯೂ ದೊಡ್ಡದು. ಒಂದು ಟೂತ್‌ಪೇಸ್ಟ್ ಕೇಳಿದರೆ ಹನ್ನೆರಡು ಕೊಡುತ್ತಾರೆ. ಜೀರಿಗೆ ತಗೊಂಡರೆ ಮಗಳ ಮದುವೆಯ ಸಾರಿಗೂ ಆಗಿ ಮಿಗುತ್ತದೆ. ನಮಗೆ ಬೇಕಾದ ಸೋನಾ ಮಸೂರಿ ಅಕ್ಕಿ, ಚಿಕೋರಿ ಹಾಕಿದ ಕಾಫಿಪುಡಿ ಎರಡೂ ಅಲ್ಲಿ ಇಲ್ಲ. ಅದಕ್ಕೆ ಮತ್ತೆ ಮೆಟ್ರೋ ಹತ್ತಿ, ದಕ್ಷಿಣದವರ ಅಂಗಡಿಗಳಿರುವ ಕರೋಲ್ ಬಾಗಿಗೇ ಹೋಗಬೇಕು. ಅಂದರೆ ಬೇಕಾದದ್ದನ್ನು ಒಂದು ಕಡೆ, ಬೇಡದ್ದನ್ನು ಇನ್ನೊಂದು ಕಡೆ ಕೊಳ್ಳುವ ವ್ಯವಸ್ಥೆ.

ನಾನು ಬೇಳೆಯ ಹತ್ತಿರ ಇದ್ದಾಗ ನಮ್ಮವರು ಒಂದು ದೊಡ್ಡ ಕಟ್ಟನ್ನು ತಬ್ಬಿಕೊಂಡು ಬಂದರು. ಟಾಯ್ಲೆಟ್ ಪೇಪರ್, ನಲವತ್ತೆಂಟು ಸುರುಳಿ, ಅರ್ಧ ಬೆಲೆ ಎಂದರು. ನಮ್ಮ ಕ್ವಾರ್ಟರ್ಸಿನಲ್ಲಿರುವುದು ಸರ್ಕಾರ ಹಾಕಿಸಿಕೊಟ್ಟ ಭಾರತೀಯ ಪದ್ಧತಿಯದು, ಪಕ್ಕದಲ್ಲಿ ನಲ್ಲಿ, ನಲ್ಲಿಯ ಕೆಳಗೆ ಚೊಂಬು. ಈ ಮನುಷ್ಯ ಹುಟ್ಟಿದ ಮೇಲೆ ಆ ಕಾಗದ ಮುಟ್ಟಿದವರಲ್ಲ.

“ರೀ, ಇದನ್ನ ಯಾರು ಉಪಯೋಗಿಸ್ತಾರೆ?” ಎಂದು ಕೇಳಿದೆ.

“ಕಲ್ತ್ಕೊಂಡ್ರಾಯ್ತು” ಅಂದರು.

೩. ಐದು ಕಿಲೋ ಬಿಳಿ

ಎರಡನೇ ಸಲ ಒಬ್ಬರೇ ಹೋಗಿ ಐದು ಕಿಲೋ ಮಯೋನೀಸ್ ಬಕೆಟ್ಟು ತಂದರು. ಬೆಣ್ಣೆ ಅಂದುಕೊಂಡಿದ್ದರು. ತಪ್ಪು ಒಪ್ಪಿಕೊಳ್ಳುವುದು ಅವರ ಸರ್ವೀಸ್ ಬುಕ್ಕಿನಲ್ಲೇ ಇಲ್ಲವಾದ್ದರಿಂದ, ಒಂದು ತಿಂಗಳು ದೋಸೆಗೆ, ರೊಟ್ಟಿಗೆ, ಒಂದು ದಿನ ಬಿಸಿಬೇಳೆಬಾತಿಗೂ ಹಚ್ಚಿಕೊಂಡು ತಿಂದರು. ಚೆನ್ನಾಗಿದೆ ಎಂದೂ ಹೇಳಿದರು. ಹೇಳುವಾಗ ಕಣ್ಣಲ್ಲಿ ನೀರಿತ್ತು.

೪. ಪಾರಿವಾಳಕ್ಕೆ ಒಂದು ಬೋರ್ಡು

ದೀಪಾವಳಿಗೆ ಆ ಅಂಗಡಿಯವರು ಸದಸ್ಯರಿಗೆಲ್ಲ ಉಡುಗೊರೆ ಕಳಿಸಿದರು. ಮಿಠಾಯಿ ಇರಬಹುದೆಂದು ಬಿಚ್ಚಿದರೆ, ಆರಡಿ ಉದ್ದದ ತಗಡಿನ ಬೋರ್ಡು. ಒಂದು ಬದಿ ಅಡುಗೆ ಎಣ್ಣೆಯ ಜಾಹೀರಾತು, ನಡುವೆ ದೊಡ್ಡದಾಗಿ ‘ಆಟೇ ಸ್ಟೋರ್ಸ್’.

ನಾನು ಅದನ್ನು ಕಬಾಡಿ ಭಯ್ಯಾನಿಗೆ ಹಾಕೋಣ ಅಂದೆ. ಅಷ್ಟು ಗಟ್ಟಿ ತಗಡನ್ನು ಗುಜರಿಗೆ ಹಾಕುವುದೇ ಎಂದು ನಮ್ಮವರಿಗೆ ಹೊಟ್ಟೆ ಉರಿಯಿತು. ನಮ್ಮದು ಎರಡನೇ ಮಹಡಿ, ಬಾಲ್ಕನಿಯಲ್ಲಿ ಪಾರಿವಾಳದ ಕಾಟ. ಬಾಲ್ಕನಿಗೆ ಅಡ್ಡ ಕಟ್ಟಿದರು. ಅಕ್ಷರವಿರುವ ಕಡೆ ಹೊಳಪು ಜಾಸ್ತಿ, ಹೊಳಪಿಗೆ ಪಾರಿವಾಳಗಳು ಹೆದರುತ್ತವೆ ಎಂದು ಎಲ್ಲೋ ಕೇಳಿದ್ದರಂತೆ. ಅದಕ್ಕೆ ಅಕ್ಷರ ಬೀದಿಯ ಕಡೆಗೇ ಬಂತು.

ಪಾರಿವಾಳಗಳು ಒಂದು ವಾರ ಬರಲಿಲ್ಲ. ಗಿರಾಕಿಗಳು ಬಂದರು. ಪಕ್ಕದ ಬೀದಿಗೆ ಹೊಸದಾಗಿ ಬಂದ ಬಾಡಿಗೆಯವರು, ಪಾರ್ಕಿನಲ್ಲಿ ನಡೆಯುವ ಮುದುಕರು, ಏದುಸಿರು ಬಿಡುತ್ತ ಎರಡು ಮಹಡಿ ಹತ್ತಿ ಐದು ಕಿಲೋ ಹಿಟ್ಟು ಕೇಳುವುದು. ಇಲ್ಲ ಎಂದರೆ ಬೋರ್ಡು ಯಾಕೆ ಹಾಕಿದ್ದೀರಿ ಎಂದು ಬೈದು ಇಳಿಯುವುದು. ಮೇಲಿನ ಮಹಡಿಯ ಆಂಟಿ ಮಾತ್ರ ಏನೂ ಕೇಳಲಿಲ್ಲ. ಬಾಗಿಲು ತೆರೆದಾಗಲೆಲ್ಲ ಒಳಗೆ ಪೇರಿಸಿದ ಪೆಟ್ಟಿಗೆಗಳನ್ನು ನೋಡಿಕೊಂಡು ಹೋಗುತ್ತಿದ್ದರು.

ಎಂಟನೇ ದಿನ ಪಾರಿವಾಳಗಳೂ ವಾಪಸು ಬಂದವು. ಬೋರ್ಡಿನ ಹಿಂದೆ ಗಾಳಿ ಕಡಿಮೆ ಅಂತ ಅಲ್ಲೇ ಮೊಟ್ಟೆಯಿಟ್ಟವು. ಮರಿ ಹಾರುವ ತನಕ ಬೋರ್ಡು ಬಿಚ್ಚುವ ಹಾಗಿಲ್ಲ, ಪಾಪ ಬರುತ್ತದೆ ಎಂದು ನಮ್ಮವರು ಆಜ್ಞೆ ಮಾಡಿದರು.

೫. ಕಡತ

ಕಾರ್ಡಿನ ವರ್ಷ ಮುಗಿಯುತ್ತ ಬಂತು. ನವೀಕರಿಸಬೇಕೋ ಬೇಡವೋ? ಬಾಯಲ್ಲಿ ಹೇಳಿದರೆ ಜಗಳ ಆಗುತ್ತದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ, ಕಡತ ಹಾಕುವುದು. ಒಂದು ರಟ್ಟಿನ ಫೈಲು ತೆಗೆದು, ‘ಗೋದಾಮು ಅಂಗಡಿಯ ಸದಸ್ಯತ್ವ ಮುಂದುವರಿಸುವ ಬಗ್ಗೆ’ ಎಂದು ವಿಷಯ ಬರೆದು ಟಿಪ್ಪಣಿ ಮಂಡಿಸಿದೆ. ಮಗಳ ಕೋಣೆ ಪೆಟ್ಟಿಗೆಗಳಿಂದ ತುಂಬಿದೆ. ಅವಳು ನಡುಮನೆಯಲ್ಲಿ ಕೂತು ಓದುತ್ತಾಳೆ. ಸುರುಳಿಗಳಲ್ಲಿ ಇಲ್ಲಿಯವರೆಗೆ ಖರ್ಚಾದದ್ದು ಎರಡು, ಅದೂ ಚಳಿಗಾಲದಲ್ಲಿ ಊರಿಗೆಲ್ಲ ಹೊಗೆ ಕವಿದಾಗ ಮೂಗು ಒರೆಸಲಿಕ್ಕೆ. ನನ್ನ ಅಮ್ಮ ಮೂರು ತಿಂಗಳಿಗೆ ಬರುತ್ತಿದ್ದಾಳೆ, ಮಲಗಲು ಜಾಗವಿಲ್ಲ. ಮಾನ್ಯರ ಆದೇಶಕ್ಕಾಗಿ.

ಸಂಜೆ ಕಡತ ವಾಪಸು ಬಂತು. ಮಾನ್ಯರು ಕೆಂಪು ಶಾಯಿಯಲ್ಲಿ “ಚರ್ಚಿಸಿ” ಎಂದು ಬರೆದಿದ್ದರು. ಚರ್ಚಿಸಲು ಹೋದರೆ ಟಿ.ವಿ. ನೋಡುತ್ತಿದ್ದೇನೆ, ಆಮೇಲೆ ಬಾ ಅಂದರು. ಎರಡನೇ ಸಲ ಮಂಡಿಸಿದಾಗ “ಮುಂದಿನ ಸೇಲ್ ಮುಗಿದ ಮೇಲೆ ಮಂಡಿಸಿ” ಎಂದು ಬಂತು. ಮೂರನೇ ಸಲ ಕಡತವೇ ಸಿಗಲಿಲ್ಲ. ಹುಡುಕಿದರೆ ಪಾರಿವಾಳದ ಮರಿಗಳಿಗೆ ಚಳಿಯಾಗುತ್ತದೆ ಅಂತ ಅಡ್ಡ ಇಟ್ಟಿದ್ದರು.

೬. ಅತ್ತೆ ಬಂದದ್ದು

ಅಮ್ಮ ಬಂದಿಳಿದಳು. ಪೆಟ್ಟಿಗೆಗಳ ನಡುವೆ ಒಂದು ಮಂಚದಷ್ಟು ಜಾಗ ಮಾಡಿ ಮಲಗಿಸಿದೆವು. ರಾತ್ರಿ ಮಗ್ಗುಲು ಬದಲಿಸಿದರೆ ಟೂತ್‌ಪೇಸ್ಟು ಮೈಮೇಲೆ ಬೀಳುತ್ತಿತ್ತು. ಅಮ್ಮ ದೂರಲಿಲ್ಲ. “ಅಳಿಯಂದ್ರು ಅನುಕೂಲವಾಗಿದಾರೆ” ಅಂದಳು. ನನಗೆ ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಅದೇ ವಾರ ನನ್ನ ಆಫೀಸಿಗೆ ಒಂದು ನೋಟೀಸು ಬಂತು. ನನಗೆ ಹಂಚಿಕೆಯಾದ ಕ್ವಾರ್ಟರ್ಸಿನಲ್ಲಿ ಹಿಟ್ಟಿನ ಅಂಗಡಿ ನಡೆಯುತ್ತಿದೆ ಎಂದು ದೂರು ಬಂದಿದೆ, ಸ್ಥಳ ತನಿಖೆ ಮಾಡಲಾಗುವುದು, ಸಾಬೀತಾದರೆ ಹಂಚಿಕೆ ರದ್ದು. ಮಗಳಿಗೆ ಎರಡು ತಿಂಗಳಲ್ಲಿ ಹನ್ನೆರಡನೇ ಕ್ಲಾಸಿನ ಬೋರ್ಡ್ ಪರೀಕ್ಷೆ. ಈ ಊರಿನಲ್ಲಿ ನಡುವರ್ಷದಲ್ಲಿ ಬಾಡಿಗೆ ಮನೆ ಹುಡುಕಿ ಸಾಮಾನು ಹೊರುವುದನ್ನು ನೆನೆದು ಅಳು ಬಂತು. ಸಾಮಾನು ಎಂದಾಗ ಆ ಸುರುಳಿಗಳು ನೆನಪಾಗಿ ಅಳು ನಿಂತು ಸಿಟ್ಟು ಬಂತು. ಮನೆಗೆ ಬಂದವಳೇ ನೋಟೀಸನ್ನು ನಮ್ಮವರ ತಟ್ಟೆಯ ಪಕ್ಕ ಇಟ್ಟೆ. ಓದಿ, ನಾಳೆಯೇ ಬೋರ್ಡು ಬಿಚ್ಚುತ್ತೇನೆ, ಮರಿ ಹಾರಿದೆ ಅಂದರು. ಜೀವನದಲ್ಲಿ ಮೊದಲ ಸಲ ಅವರ ದನಿ ಸಣ್ಣದಾಗಿತ್ತು.

ಆದರೆ ತನಿಖೆ ನಾಳೆಗೆ ಕಾಯಲಿಲ್ಲ. ಅದಾಗಲೇ ಅವತ್ತು ಮಧ್ಯಾಹ್ನವೇ ಆಗಿಹೋಗಿತ್ತು. ಊಟ ಬಡಿಸುತ್ತ ಅಮ್ಮ ಹೇಳಿದಳು: “ಇವತ್ತು ಯಾರೋ ಒಬ್ರು ಬಂದಿದ್ರು ಕಣೆ, ಅಳಿಯಂದ್ರ ಕಡೆಯವರು. ಬಾಗಿಲು ತೆಗೆದ ತಕ್ಷಣ ‘ಆಟೇ? ಆಟೇ?’ ಅಂದ್ರು. ಉಚ್ಚಾರ ಸರಿಯಿಲ್ಲ, ಇಲ್ಲೇ ಬೆಳೆದಿರಬೇಕು, ನಮ್ಮ ಮಗು ಥರ. ಹೌದಪ್ಪಾ, ಅತ್ತೆ ನಾನೇ, ಬಾ ಅಂದೆ.”

ನನ್ನ ಕೈಯಲ್ಲಿದ್ದ ಅನ್ನ ತಟ್ಟೆಗೇ ಬಿತ್ತು. ಮುಂದಿನದನ್ನು ಅಮ್ಮ ಖುಷಿಯಿಂದ ಹೇಳಿದಳು. ಬಂದವರು ಮನೆಯೆಲ್ಲ ನೋಡಿದರಂತೆ. ಪೆಟ್ಟಿಗೆ ಎಣಿಸಿದರಂತೆ. ಎಣಿಸಲಿ ಪಾಪ ಎಂದು ಅಮ್ಮ ಕಾಫಿ ಮಾಡಿಕೊಟ್ಟಳಂತೆ. ಆಮೇಲೆ ಆ ಮನುಷ್ಯ ಜೇಬಿನಿಂದ ಐನೂರರ ನೋಟು ತೆಗೆದು, ಪೆಟ್ಟಿಗೆಗಳ ಕಡೆ ಬೆರಳು ತೋರಿಸಿದರಂತೆ. ಅದು ಗಿರಾಕಿಯ ವೇಷದ ಪರೀಕ್ಷೆ ಎಂದು ನನಗೆ ಗೊತ್ತಾಯಿತು. ಅಮ್ಮನಿಗೆ ಗೊತ್ತಾಗಲಿಲ್ಲ. ಅಳಿಯನ ಕಡೆಯವರಿಂದ ದುಡ್ಡು ತೆಗೆದುಕೊಳ್ಳುವುದುಂಟೇ? ನೋಟನ್ನು ಅವರ ಜೇಬಿಗೇ ತುರುಕಿ, ಹಣೆಗೆ ಕುಂಕುಮ ಇಟ್ಟು, ಬರಿಗೈಯಲ್ಲಿ ಕಳಿಸಬಾರದು ಅಂತ ಆರು ಸುರುಳಿ ಟಾಯ್ಲೆಟ್ ಪೇಪರ್ ಕೊಡಲು ಹೋದಳಂತೆ. ಬೇಡ ಬೇಡ ಎಂದು ಮೆಟ್ಟಿಲು ಇಳಿದು ಓಡಿದರಂತೆ.

“ಸಂಕೋಚದ ಮನುಷ್ಯ” ಅಂದಳು ಅಮ್ಮ.

ಹದಿನೈದು ದಿನ ನನಗೆ ನಿದ್ದೆ ಇರಲಿಲ್ಲ. ನಾನು ಎದ್ದು ಕೂತಾಗಲೆಲ್ಲ ನಮ್ಮವರು ಏನೂ ಆಗುವುದಿಲ್ಲ ಮಲಗು ಅನ್ನುವರು, ತಾವೂ ಮಲಗುತ್ತಿರಲಿಲ್ಲ. ಹದಿನಾರನೇ ದಿನ ವರದಿಯ ಪ್ರತಿ ಕೈಗೆ ಬಂತು. ಹಿಂದಿಯಲ್ಲಿದ್ದದ್ದರ ಸಾರಾಂಶ ಇಷ್ಟು: ದಾಸ್ತಾನು ಹೇರಳವಾಗಿದೆ. ತಕ್ಕಡಿ ಇಲ್ಲ, ಗಲ್ಲಾಪೆಟ್ಟಿಗೆ ಇಲ್ಲ. ಹಿಟ್ಟು ಕೇಳಿದರೆ ಕಾಫಿ ಕೊಡುತ್ತಾರೆ. ಹಣ ಕೊಟ್ಟರೆ ಬಲವಂತವಾಗಿ ಹಿಂತಿರುಗಿಸುತ್ತಾರೆ. ಆದ್ದರಿಂದ ಸದರಿ ಸಾಮಗ್ರಿಯನ್ನು ಕೂಡಿಟ್ಟಿರುವುದು ವ್ಯಾಪಾರದ ಉದ್ದೇಶದಿಂದಲ್ಲ, ಹಂಚಿಕೆದಾರರ ವಿವೇಚನೆಯ ಕೊರತೆಯಿಂದ. ದೂರನ್ನು ಮುಕ್ತಾಯಗೊಳಿಸಬಹುದು.

ನನ್ನ ಸಂತೋಷಕ್ಕೆ ಮಿತಿ ಇರಲಿಲ್ಲ. ಮನೆ ಉಳಿಯಿತು. ಜೊತೆಗೆ, ಒಂದು ವರ್ಷದಿಂದ ನಾನು ಹೇಳುತ್ತಿದ್ದುದನ್ನು ಭಾರತ ಸರ್ಕಾರ ಮೊಹರು ಹಾಕಿ ಬರೆದುಕೊಟ್ಟಿತ್ತು. ಪಾರಿವಾಳದ ಗೂಡಿನಿಂದ ಕಡತ ತಂದು, ಒರೆಸಿ, ವರದಿಯನ್ನು ಕೊನೆಯ ಹಾಳೆಯಾಗಿ ಸೇರಿಸಿ ಟಿಪ್ಪಣಿ ಬರೆದೆ: ‘ಸರ್ಕಾರದ ಅಭಿಪ್ರಾಯ ಲಗತ್ತಿಸಿದೆ. ವಿವೇಚನೆಯ ಕೊರತೆ ಸಾಬೀತಾಗಿರುವುದರಿಂದ ಸದಸ್ಯತ್ವ ನವೀಕರಿಸುವ ಅಗತ್ಯವಿಲ್ಲ. ಆದೇಶಕ್ಕಾಗಿ.’

ನಮ್ಮವರು ಕನ್ನಡಕ ಹಾಕಿಕೊಂಡು ವರದಿಯನ್ನು ಎರಡು ಸಲ ಓದಿದರು. ನಾನು ಎದುರಿಗೇ ನಿಂತಿದ್ದೆ, ಆ ಮುಖ ನೋಡಲಿಕ್ಕೆ. ಕೆಂಪು ಪೆನ್ನು ತೆಗೆದು ಏನೋ ಬರೆದು, ಕಡತ ನನ್ನ ಕೈಗೆ ಕೊಟ್ಟು ಕಾಫಿ ಕೇಳಿದರು.

‘ಹಂಚಿಕೆದಾರರ’ ಎನ್ನುವ ಪದದ ಕೆಳಗೆ ಎರಡು ಗೆರೆ ಎಳೆದಿದ್ದರು. ಪಕ್ಕದಲ್ಲಿ ಬರೆದದ್ದು: “ನವೀಕರಣ ಬೇಡ. ಕ್ವಾರ್ಟರ್ಸಿನ ಹಂಚಿಕೆ ಹೆಂಡತಿಯ ಹೆಸರಿನಲ್ಲಿದೆ. ಸರ್ಕಾರದ ಅಭಿಪ್ರಾಯವನ್ನು ಪೂರ್ಣವಾಗಿ ಒಪ್ಪಿದೆ.”