ರೊಟ್ಟಿ ಗಾಡಿಯ ಎಣ್ಣೆ ಡಬ್ಬಿ

ನಮ್ಮ ಕಾಕಾನಿಗೆ ಸೋರುವುದನ್ನು ಕಂಡರೆ ಆಗುವುದಿಲ್ಲ. ನಲ್ಲಿ ಸೋರಬಾರದು, ಹಾಲಿನ ಪಾಕೀಟು ಸೋರಬಾರದು, ಹೋಳಿಗೆಯಿಂದ ಹೂರಣ ಕೂಡ ಸೋರಬಾರದು! ಮದುವೆಯ ಊಟದಲ್ಲಿ ಪಕ್ಕದವರ ಎಲೆಯ ಹೋಳಿಗೆ ಎತ್ತಿ ಅಂಚು ಪರೀಕ್ಷಿಸಿದ ಮನುಷ್ಯ ಈ ಹೈದರಾಬಾದಿನಲ್ಲಿ ಇವರೊಬ್ಬರೇ ಇರಬೇಕು. ಅವರ ತಪ್ಪೇನೂ ಇಲ್ಲ ಬಿಡಿ. ಮೂವತ್ತು ವರ್ಷ ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ ಬ್ರೇಕ್ ಪೈಪಿನ ಗಾಳಿ ಎಲ್ಲಿ ಸೋರುತ್ತದೆಂದು ಸಾಬೂನು ನೀರು ಹಚ್ಚಿ ಹುಡುಕಿದವರು. ಗುಳ್ಳೆ ಎದ್ದರೆ ಸೋರಿಕೆ, ಏಳದಿದ್ದರೆ ಶಾಬಾಸ್.

ನಿವೃತ್ತಿಯಾಗಿ ಮಲ್ಕಾಜ್‌ಗಿರಿಯ ಮನೆಯಲ್ಲಿ ಕೂತ ಮೇಲೆ ಆ ಸಾಬೂನು ನೀರಿಗೆ ಕೆಲಸ ಬೇಕಲ್ಲ? ಮೊದಲು ಕುಕ್ಕರಿಗೆ ಕೈ ಹಾಕಿದರು. ಸೀಟಿಯ ಹತ್ತಿರ ಹಬೆ ಸೋರುತ್ತದೆಂದು ಎಂಥದೋ ವಾಶರ್ ಹಾಕಿ ಬಿಗಿದರು. ಆ ದಿನದ ಬೇಳೆಯನ್ನು ನಾವು ಏಣಿ ಹತ್ತಿ ಅಡುಗೆಮನೆಯ ಛಾವಣಿಯಿಂದ ಕೆರೆದೆವು. ಕಾಕಾನ ಮರ್ಯಾದೆಯೊಂದನ್ನು ಬಿಟ್ಟರೆ ಬೇರೆ ಯಾರಿಗೂ ಪೆಟ್ಟಾಗಲಿಲ್ಲ.

ಆಮೇಲೆ ಕಾಕು ರೊಟ್ಟಿ ವ್ಯಾಪಾರ ಶುರು ಮಾಡಿದಳು. ಕಾಕು ಅಂದರೆ ಅವರ ಹೆಂಡತಿ, ಜೀವಮಾನದಲ್ಲಿ ಹೊಸಿಲು ದಾಟಿ ಒಂದು ಕೆಲಸಕ್ಕೆ ಹೋದವಳಲ್ಲ. ಅರವತ್ತರ ಹತ್ತಿರ ಬಂದಾಗ ಸಿಕಂದರಾಬಾದಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ತಾನೇ ಹೋಗಿ ವಾರ್ಡನ್ನಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿ, ದಿನಾ ಬೆಳಿಗ್ಗೆ ಎರಡು ಬುಟ್ಟಿ ರೊಟ್ಟಿಯ ಆರ್ಡರ್ ಹಿಡಿದುಕೊಂಡು ಬಂದಳು. ಅವತ್ತು ಅವಳ ಮುಖ ನೋಡಬೇಕಿತ್ತು ನೀವು!

ಕಾಕಾ ಸೀದಾ ಹೋಗಿ ಒಂದು ಹಳೆಯ ಡೀಸೆಲ್ ಪಿಕಪ್ ಕೊಂಡು ತಂದು ಬಾಗಿಲ ಮುಂದೆ ನಿಲ್ಲಿಸಿದರು.

"ಎರಡು ಬುಟ್ಟಿಗೆ ಇಷ್ಟು ದೊಡ್ಡ ಗಾಡಿ ಯಾಕ್ರಿ?" ಅಂದಳು ಕಾಕು.

"ನಾಳೆ ಇಪ್ಪತ್ತು ಬುಟ್ಟಿ ಆಗತಾವು. ಆವಾಗ ಏನ್ ತಲಿ ಮ್ಯಾಲ ಹೊರ್ತೀಯೇನು?"

ಮೇಲಿನ ಮನೆಯಲ್ಲಿರುವ, ಕಾಕಾನ ಅಣ್ಣನ ಮಗಳಾದ ನನಗೂ ಆಫೀಸಿಗೆ ಪುಕ್ಕಟೆ ಸವಾರಿ ಸಿಕ್ಕಿತು. ಮುಂದೆ ನಾವು ಮೂವರು. ಹಿಂದೆ ದೂಳೆಂದು ಬುಟ್ಟಿಗಳು ನನ್ನ ಮತ್ತು ಕಾಕುವಿನ ತೊಡೆಯ ಮೇಲೆ. ಹಿಂದಿನ ಅಷ್ಟುದ್ದದ ತೊಟ್ಟಿ ಪೂರ್ತಿ ಖಾಲಿ!

ತೊಂದರೆ ಶುರುವಾದದ್ದು ಎರಡನೆಯ ವಾರ. ಇಂಜಿನ್ನು ಹಳತಾದಂತೆ ಒಳಗಿನ ಎಣ್ಣೆ ಹೊಗೆಯಂತಾಗಿ ಒಂದು ಪೈಪಿನಿಂದ ಹೊರಗೆ ಬರುತ್ತದೆಯಂತೆ. ಆ ಪೈಪನ್ನು ಹಿಂದಿನ ಮಾಲೀಕ ಕಿತ್ತು ಬಾನೆಟ್ಟಿನೊಳಗೇ ನೇತಾಡಲು ಬಿಟ್ಟಿದ್ದ. ಹೊಗೆಯೆಲ್ಲ ನಮ್ಮ ಕ್ಯಾಬಿನ್ನಿಗೆ, ಅಲ್ಲಿಂದ ರೊಟ್ಟಿಯ ಬಟ್ಟೆಗೆ. ವಾರ್ಡನ್ ಒಂದು ರೊಟ್ಟಿ ಮೂಸಿ, ಇದನ್ನು ಅಡುಗೆಮನೆಯಿಂದ ತಂದಿರೋ ಗ್ಯಾರೇಜಿನಿಂದಲೋ ಎಂದು ಕೇಳಿದಳು. ಇನ್ನೊಮ್ಮೆ ಹೀಗಾದರೆ ಬರುವುದೇ ಬೇಡ ಅಂದಳು. ದಾರಿಯುದ್ದಕ್ಕೂ ಕಾಕು ಖಾಲಿ ಬುಟ್ಟಿಯನ್ನು ತಬ್ಬಿಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

"ಕ್ಯಾಚ್ ಕ್ಯಾನ್ ಹಾಕಬೇಕು," ಅಂದರು ಕಾಕಾ. ಅಂದರೆ ಆ ಪೈಪಿನ ದಾರಿಯಲ್ಲಿ ಕೂತು ಹೊಗೆಯೊಳಗಿನ ಎಣ್ಣೆಯನ್ನು ಹಿಡಿದುಕೊಳ್ಳುವ ಡಬ್ಬಿ. ಉಳಿದ ಗಾಳಿ ಇನ್ನೊಂದು ಪೈಪಿನಿಂದ ಇಂಜಿನ್ನಿಗೇ ವಾಪಸು.

ಸಿಕಂದರಾಬಾದಿನ ಬಿಡಿಭಾಗದ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯವನು ಕೆಂಪು, ನೀಲಿ, ಬಂಗಾರ ಬಣ್ಣದ ಡಬ್ಬಿ ಸಾಲಾಗಿ ಇಟ್ಟ. ಹೆಣ್ಣು ನೋಡಲು ಹೋದವರು ಕೂಡ ಇಷ್ಟು ಪ್ರಶ್ನೆ ಕೇಳುವುದಿಲ್ಲ! ಕಾಕಾ ಮುಚ್ಚಳ ಬಿಚ್ಚಿದರು, ಒಳಗೆ ಟಾರ್ಚ್ ಬಿಟ್ಟರು. "ಒಳಗ ಜಾಳಿಗಿ ಎಲ್ಲೈತಿ? ಎಣ್ಣಿ ಯಾವುದಕ್ಕ ಹತ್ತಬೇಕು? ಇದು ಬರೇ ಶೋಕಿ!" ಅಂದರು. ಆಮೇಲೆ ಒಂದು ತೂತಿಗೆ ಬೆರಳಿಟ್ಟು, ಇನ್ನೊಂದಕ್ಕೆ ಬಾಯಿಟ್ಟು ಊದತೊಡಗಿದರು. ಒಂದಲ್ಲ, ಎಲ್ಲ ಡಬ್ಬಿಗೂ!

"ನೋರು ಪೆಟ್ಟೊದ್ದು ಸಾರ್! ನೋರು ಪೆಟ್ಟೊದ್ದು!" ಬಾಯಿ ಇಡಬೇಡಿ ಎಂದು ಅಂಗಡಿಯವನು ಗೋಳಾಡಿದ. ಒಂಬತ್ತನೆಯದು ಪಾಸಾಯಿತು. ಬಣ್ಣವಿಲ್ಲದ, ಕೆಳಗೆ ಪುಟ್ಟ ನಲ್ಲಿಯಿದ್ದ ಒಂದು ಸಾದಾ ಡಬ್ಬಿ.

ಅದರಲ್ಲೂ ಜಾಳಿಗೆ ಇರಲಿಲ್ಲ. "ನಾ ಹಾಕ್ತೀನಿ," ಅಂದರು. ಮರುದಿನ ಕಾಕು ನನ್ನನ್ನು ಕರೆದು, "ನನ್ನ ಸ್ಟೀಲ್ ಸ್ಕ್ರಬ್ಬರ್ ಒಂದೂ ಇಲ್ಲ. ಪಾತ್ರಿ ತಿಕ್ಕಾಕ ನೀ ಏನರ ಮ್ಯಾಲ ಒಯ್ದೀಯೇನ ತಂಗಿ?" ಅಂತ ಕೇಳಿದಳು. ನಾನು ದೇವರಾಣೆ ಅಂದೆ. ಅಂಗಳದಲ್ಲಿ ಕಾಕಾ ಡಬ್ಬಿಯನ್ನು ಬಕೀಟಿನ ನೀರಲ್ಲಿ ಮುಳುಗಿಸಿ ಗುಳ್ಳೆ ಕಾಯುತ್ತ ಕೂತಿದ್ದರು. ಒಂದೂ ಏಳಲಿಲ್ಲ. ಖುಷಿಯಿಂದ ಬ್ಯಾಟರಿಯ ಪಕ್ಕ ಬ್ರಾಕೆಟ್ ಬಿಗಿದರು, ಪೈಪು ಜೋಡಿಸಿದರು, ಕ್ಲಿಪ್ಪಿಗೆ ಕ್ಲಿಪ್ಪು ಹಾಕಿದರು. ರೈಲಿನ ಡಬ್ಬಿಗೆ ಬರೆಯುವ ಹಾಗೆ ಅದರ ಮೇಲೂ ಸೀಮೆಸುಣ್ಣದಿಂದ ಮುಂದಿನ ತಪಾಸಣೆಯ ತಾರೀಖು ಬರೆದರು!

ಆ ತಾರೀಖಿನವರೆಗೆ ಕಾಯಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಮಲ್ಕಾಜ್‌ಗಿರಿ ಸ್ಟೇಷನ್ ದಾಟುವುದರೊಳಗೆ ಬಾನೆಟ್ಟಿನೊಳಗೆ 'ಫಟ್' ಅಂತು. ತೆಗೆದು ನೋಡಿದರೆ ಎಣ್ಣೆ ಅಳೆಯುವ ಕಡ್ಡಿ ತನ್ನ ಜಾಗದಿಂದ ಹಾರಿ ಹೊರಗೆ ಬಿದ್ದಿದೆ, ಇಂಜಿನ್ನಿಗೆಲ್ಲ ಎಣ್ಣೆಯ ಅಭಿಷೇಕ! ಕಾಕು ಆಟೋ ಹಿಡಿದು ರೊಟ್ಟಿ ಮುಟ್ಟಿಸಿದಳು. ತಡವಾಗಿತ್ತು. ಸೋಮವಾರ ಕಡೆಯ ಸಲ ನೋಡುತ್ತೇನೆ ಎಂದು ವಾರ್ಡನ್ ಹೇಳಿ ಕಳಿಸಿದಳು.

ಭಾನುವಾರ ಬಾಲಾನಗರದ ಮೇಸ್ತ್ರಿಯ ಹತ್ತಿರ ಹೋದೆವು. ಬೀದರ್ ಕಡೆಯವನು, ನಿಧಾನಸ್ಥ. ಡಬ್ಬಿ ಬಿಚ್ಚಿ ಒಳಗೆ ಇಕ್ಕಳ ಹಾಕಿ ಒಂದು ಸ್ಟೀಲ್ ಸ್ಕ್ರಬ್ಬರ್ ಎಳೆದ. ಮತ್ತೊಂದು ಎಳೆದ. ಇನ್ನೂ ಒಂದು. ಒಟ್ಟು ಐದು!

"ಅಯ್ಯ ನನ್ನ ಶಿವನ! ಇವು ನನ್ನವು!" ಕಾಕು ಕೂಗಿದಳು. ನಾನು ನಿರಪರಾಧಿಯೆಂದು ತೀರ್ಪು ಬಂದಿತು.

"ಒಂದ್ ಹನಿ ಎಣ್ಣಿ ದಾಟಬಾರದು ಅಂತ ಹಾಕಿದ್ದೆ," ಅಂದರು ಕಾಕಾ, ಸಣ್ಣ ದನಿಯಲ್ಲಿ.

"ಹನಿ ದಾಟಂಗಿಲ್ಲ ಸಾಬ್, ಖರೆ. ಗಾಳೀನೂ ದಾಟಂಗಿಲ್ಲ. ಇಂಜಿನ್ ಉಸರು ಎಲ್ಲಿ ಬಿಡಬೇಕು?"

ಮೂವತ್ತು ವರ್ಷ ಗಾಳಿಯನ್ನು ಕಟ್ಟಿಹಾಕಿದ ಮನುಷ್ಯನಿಗೆ ಗಾಳಿಯನ್ನು ಬಿಟ್ಟುಬಿಡಿ ಅಂದರೆ ಹೇಗಾಗಬೇಡ? ಕಾಕಾ ಆ ಡಬ್ಬಿಯನ್ನೇ ನೋಡುತ್ತ ನಿಂತರು.

"ಕುಕ್ಕರ್ ಆತು, ಗಾಡಿ ಆತು. ಇನ್ನ ನನ್ನ ಬಾಯಿಗೆ ವಾಶರ್ ಹಾಕೋದೊಂದು ಉಳದೈತಿ," ಅಂದಳು ಕಾಕು. ಮೇಸ್ತ್ರಿ ನಕ್ಕು, ಒಂದೇ ಸ್ಕ್ರಬ್ಬರನ್ನು ಸಡಿಲವಾಗಿ ಬಿಡಿಸಿ ಒಳಗಿಟ್ಟು ಮುಚ್ಚಳ ಹಾಕಿದ.

ಸೋಮವಾರ ಮೂವರೂ ಉಸಿರು ಬಿಗಿಹಿಡಿದು ಹಾಸ್ಟೆಲ್ ಮುಟ್ಟಿದೆವು. ವಾರ್ಡನ್ ಬುಟ್ಟಿಯ ಬಟ್ಟೆ ಸರಿಸಿದಳು. ಮೂಸಿದಳು. ರೊಟ್ಟಿ ಮುರಿದು ಮತ್ತೆ ಮೂಸಿದಳು. ಆಮೇಲೆ ಚಟ್ನಿ ಹಚ್ಚಿಕೊಂಡು ನಿಂತಲ್ಲೇ ತಿನ್ನತೊಡಗಿದಳು! ಅರ್ಧ ರೊಟ್ಟಿ ಮುಗಿಸಿ, "ವಾಸನ ಲೇದು," ವಾಸನೆ ಇಲ್ಲ ಅಂದಳು. ನಾಳೆಯಿಂದ ಇನ್ನೊಂದು ಬುಟ್ಟಿ ಹೆಚ್ಚಿಗೆ ತನ್ನಿ, ಹುಡುಗಿಯರು ಕೇಳುತ್ತಾರೆ ಅಂದಳು. ಕಾಕು ಗಾಡಿಗೆ ಬಂದು ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, "ಮೂರು ಬುಟ್ಟಿ," ಅಂದಳು, ಯಾರಿಗೂ ಅಲ್ಲದ ಹಾಗೆ.

ಈಗ ಪ್ರತಿ ಭಾನುವಾರ ಕಾಕಾ ಡಬ್ಬಿಯ ನಲ್ಲಿ ತಿರುವಿ ಕಪ್ಪು ಎಣ್ಣೆಯನ್ನು ಸೀಸೆಗೆ ಇಳಿಸುತ್ತಾರೆ. ಕಾಕು ಸೀಸೆ ಹಿಡಿದು ನಿಲ್ಲುತ್ತಾಳೆ. ಮೊನ್ನೆ ಅವಳು ಒಳಗೆ ಹೋದಾಗ ನಾನು ಕೆಣಕಿದೆ: "ಕಾಕಾ, ಇಷ್ಟೆಲ್ಲ ಒದ್ದಾಟ ಯಾಕ ಬೇಕಿತ್ತು? ದಿನಾ ಒಂದು ಆಟೋ ಹೇಳಿದ್ರ ಮುಗೀತಿರಲಿಲ್ಲೇನು?"

ಅವರು ನಕ್ಕು ಹಾರಿಸುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ತಂಗಿ, ಶೆಡ್ಡಿನ್ಯಾಗ ಇದ್ದಾಗ ನನ್ನ ಅಂಗಿಗೆ ಎಣ್ಣಿ ವಾಸನಿ ಹತ್ತಿ ಬರತಿತ್ತು. ಮೂವತ್ತು ವರ್ಷ ಆಕಿ ಅದನ್ನ ಕೈಲೆ ಒಗದಾಳ. ಒಂದ್ ದಿನ ಮೂಗು ಮುಚ್ಚಿಕೊಂಡಾಕಿ ಅಲ್ಲ." ಸೀಸೆಯ ಮುಚ್ಚಳ ಬಿಗಿದರು. "ಈಗ ಆಕಿ ತನ್ನದೇ ಅಂತ ಒಂದು ಕೆಲಸ ಹಿಡದಾಳ. ಆಕಿ ರೊಟ್ಟಿಗೂ ನನ್ನ ವಾಸನಿ ಹತ್ತಿದ್ರ ಹ್ಯಾಂಗ?"

ನನಗೆ ಇಷ್ಟು ದಿನ ಈ ಮನುಷ್ಯನನ್ನು ಹುಚ್ಚ ಅಂದುಕೊಂಡು ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಅಷ್ಟರಲ್ಲಿ ಒಳಗಿನಿಂದ ಕಾಕು, "ಮಾತು ಸಾಕ್ರಿ! ನಾಳಿನ ಬುಟ್ಟಿ ಬಿಸಲಿಗಿಟ್ಟೀನಿ, ತರ್ರಿ ಒಳಗ!" ಅಂತ ಕೂಗಿದಳು. ಕಾಕಾ ಸಾಬೂನು ನೀರಿನ ಬಕೀಟಿನಲ್ಲಿ ಮೂರು ಸಲ ಕೈ ತೊಳೆದರು. ಎರಡೂ ಅಂಗೈ ಮೂಗಿಗೆ ಹಿಡಿದು ಮೂಸಿದರು. ಆಮೇಲಷ್ಟೇ ಬುಟ್ಟಿ ಮುಟ್ಟಿದರು.