ಅಲುಗಾಡದ ಸೈಕಲ್ಲು

ಎಲ್ಲ ಶುರುವಾದದ್ದು ಹೆಂಡತಿ ಕಾಫಿ ಲೋಟ ಕೆಳಗಿಡುತ್ತಾ ಕೇಳಿದ ಒಂದು ಪ್ರಶ್ನೆಯಿಂದ.

“ರೀ, ಇದೂ ಕಳುವಾದ್ರೆ ಯಾರ್ರೀ ಕೊಡ್ತಾರೆ?”

‘ಇದು’ ಅಂದರೆ ಮನೆಯ ಹಾಲಿನ ನಡುವೆ ನಿಂತಿದ್ದ ಹೊಸ ಸೈಕಲ್ಲು. ಎರಡು ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಬೆಲೆ ಮಾತ್ರ, ಮನೆಯ ಫ್ರಿಜ್ಜು, ಟೀವಿ, ವಾಷಿಂಗ್ ಮಷೀನು ಮೂರನ್ನೂ ಮಾರಿದರೂ ಹೊಂದಿಸಲಾಗದಷ್ಟು. ಅದರ ಯಜಮಾನ ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟುಗಳನ್ನು ತಯಾರಿಸುವವನು. ಬೀದಿಯವರಿಗೆಲ್ಲ ದಂತಣ್ಣ. ವರ್ಷಗಟ್ಟಲೆ ಊರಿನ ಬೊಚ್ಚುಬಾಯಿಗಳನ್ನು ತುಂಬಿಸಿ, ದುಡ್ಡು ಕೂಡಿಸಿ ಕೊಂಡ ಸೈಕಲ್ಲು ಅದು. ಮಾರನೆಯ ಬೆಳಿಗ್ಗೆ ಗೆಳೆಯರ ಜೊತೆ ಬೆಟ್ಟದ ರಸ್ತೆಗೆ ಅದರ ಮೊದಲ ಸವಾರಿ.

ಹಳೆಯ ಸೈಕಲ್ಲು ಮೆಟ್ಟಿಲ ಕೆಳಗಿನಿಂದ ಕಳುವಾದಾಗ ದಂತಣ್ಣ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಹೆಂಡತಿ ಅದನ್ನು ಮರೆತಿರಲಿಲ್ಲ. ತಟ್ಟೆ ಹಿಡಿದುಕೊಂಡು ಮನೆಯೆಲ್ಲ ಅವನ ಹಿಂದೆ ಸುತ್ತಿದವಳು ಅವಳೇ ತಾನೆ?

“ಇವತ್ತು ಸಂಜೆಯೊಳಗೆ ಇದಕ್ಕೆ ವಿಮೆ ಮಾಡ್ಸಿ,” ಎಂದಳು. “ಮಾಡ್ಸಿದ್ರೆ ನಾಳೆ ಬೆಟ್ಟಕ್ಕೆ ಹೋಗಿ, ನಾನೇ ನೀರಿನ ಬಾಟ್ಲಿ ತುಂಬಿಸಿ ಕೊಡ್ತೀನಿ. ಇಲ್ಲಾಂದ್ರೆ ಅಂಗಡಿಗೆ ವಾಪಸ್ಸು. ಇನ್ನೊಂದ್ಸಲ ನಿಮ್ಮನ್ನ ಸಮಾಧಾನ ಮಾಡೋ ಶಕ್ತಿ ನಂಗಿಲ್ಲ.”

ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಮಾವ ಪೇಪರಿನ ಮೇಲಿಂದ ಕಣ್ಣು ಹಾಯಿಸಿದರು. “ಮನೆ ಸಾಮಾನಿನ ವಿಮೆ ಅಂತ ಇರುತ್ತೆ ಅಳಿಯಂದ್ರೆ. ಪಾತ್ರೆ, ಬಟ್ಟೆ, ಸೈಕಲ್ಲು, ಎಲ್ಲಾ ಒಂದರಲ್ಲೇ ಬರುತ್ತೆ. ಫೋನ್ ಮಾಡಿ ಕೇಳಿ. ಕೇಳೋಕೇನು ಕಾಸಾ?”

ದಂತಣ್ಣ ಆಸ್ಪತ್ರೆಗೆ ರಜೆ ಹೇಳಿ, ಫೋನು ಹಿಡಿದು ಕೂತ.

ಮೊದಲನೆಯ ಕಂಪನಿಯವನು ಬಹಳ ನಯವಾಗಿ ಮಾತಾಡಿದ. ಮನೆ ಸಾಮಾನಿನಲ್ಲಿ ಸೈಕಲ್ಲು ಖಂಡಿತ ಬರುತ್ತದೆ, ಆದರೆ ಯಾವುದೇ ಒಂದು ಸಾಮಾನಿಗೆ ಇಷ್ಟೇ ಅಂತ ಮಿತಿ ಇದೆ. ಆ ಮಿತಿಯನ್ನು ಕೇಳಿದ ದಂತಣ್ಣನ ದನಿ ಏರಿತು. “ಇಷ್ಟಕ್ಕೆ ಇದರ ಒಂದು ಚಕ್ರ ಬರುತ್ತೆ ಅಷ್ಟೇ. ಕಳ್ಳ ಬಂದು ಒಂದೇ ಚಕ್ರ ಉರುಳಿಸ್ಕೊಂಡು ಹೋಗ್ತಾನೇನ್ರೀ?”

“ಅದನ್ನ ಕಳ್ಳನ್ನೇ ಕೇಳ್ಬೇಕು ಸರ್,” ಎಂದ ಅವನು, ಅಷ್ಟೇ ನಯವಾಗಿ.

ಎರಡನೆಯ ಕಂಪನಿ ಪೂರ್ತಿ ಬೆಲೆ ಕೊಡುತ್ತದಂತೆ, ಆದರೆ ಸೈಕಲ್ಲು ಮನೆಯೊಳಗೆ ಇದ್ದಾಗ ಮಾತ್ರ.

“ಹೊರಗೆ ಹೋದ್ರೆ?”

“ಹೊರಗೆ ಹೋದ್ರೆ ಅದು ಮನೆ ಸಾಮಾನು ಆಗಲ್ಲ ಸರ್.”

“ಮತ್ತೆ ಸೈಕಲ್ಲನ್ನ ಮನೆಯೊಳಗೇ ತುಳೀಬೇಕಾ?”

ಆ ಕಡೆಯಿಂದ ಪುಟ ತಿರುಗಿಸಿದ ಸದ್ದು. “ಅದಕ್ಕೆ ಪಾಲಿಸಿಯಲ್ಲಿ ಏನೂ ಅಡ್ಡಿ ಇಲ್ಲ ಸರ್.”

ದಂತಣ್ಣ ಫೋನನ್ನು ಸೋಫಾದ ಮೇಲೆ ಎಸೆದ. “ಇವರೆಲ್ಲ ದುಡ್ಡು ತಗೊಳೋವಾಗ ಒಂದು ಮಿತಿ ಹೇಳ್ತಾರಾ ಮಾವ? ಕೊಡೋ ಮಾತು ಬಂದಾಗ ಮಾತ್ರ ಮಿತಿ ನೆನಪಾಗುತ್ತೆ.” ಅವನ ಮುಖ, ಸ್ನಾನಕ್ಕೆ ಕರೆದರೆ ಬಾಗಿಲು ಹಿಡಿದುಕೊಂಡು ನಿಲ್ಲುವ ಮಗುವಿನ ಮುಖದ ಹಾಗೆ ಕೆಂಪಾಗಿತ್ತು.

ಮೂರನೆಯ ಕಂಪನಿಯೇ ಕೈ ಹಿಡಿದದ್ದು. ಪೂರ್ತಿ ಬೆಲೆ, ಮನೆಯೊಳಗೂ ಸರಿ, ರಸ್ತೆಯಲ್ಲೂ ಸರಿ. ಷರತ್ತು ಒಂದೇ. ಮನೆಯಲ್ಲಿರುವಾಗ ಸೈಕಲ್ಲನ್ನು ಅಲುಗಾಡದ ವಸ್ತುವೊಂದಕ್ಕೆ ಸೇರಿಸಿ ಬೀಗ ಹಾಕಿರಬೇಕು. ಸಂಜೆ ನಾಲ್ಕಕ್ಕೆ ಒಬ್ಬರು ಬಂದು ನೋಡುತ್ತಾರೆ. ಒಪ್ಪಿಗೆಯಾದರೆ ಅಲ್ಲೇ ಪಾಲಿಸಿ.

“ಅಲುಗಾಡದ ವಸ್ತು,” ಎಂದು ದಂತಣ್ಣ ಎದ್ದು ಮನೆಯನ್ನೆಲ್ಲ ಹುಡುಕಿದ. ಫ್ರಿಜ್ಜನ್ನು ತಳ್ಳಿದ, ಸರಿಯಿತು. ಮಂಚ ಸರಿಯಿತು, ಅದರ ಕೆಳಗಿಂದ ಹೋದ ವರ್ಷ ಕಳೆದಿದ್ದ ಒಂದು ಕಾಲುಚೀಲ ಸಿಕ್ಕಿತು. ಬೀರು ಸ್ವಲ್ಪ ಯೋಚಿಸಿ ಸರಿಯಿತು. ಇಷ್ಟು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಒಂದೂ ವಸ್ತು ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿಲ್ಲವಲ್ಲ ಎಂದು ಅವನಿಗೆ ಸಿಟ್ಟು ಬಂತು.

“ನಂಗೇ ಕಟ್ಟಿಬಿಡಿ ಅಳಿಯಂದ್ರೆ,” ಎಂದರು ಮಾವ. “ಬೆಳಗಿಂದ ಸಂಜೆ ತನಕ ನಾನು ಎಲ್ಲಿಗೂ ಅಲುಗಾಡಲ್ಲ.”

“ಅಪ್ಪಾ, ಊಟಕ್ಕೆ ಕರೆದ್ರೆ ಮೊದಲು ಏಳೋನು ನೀನೇ,” ಎಂದಳು ಹೆಂಡತಿ ಅಡುಗೆಮನೆಯಿಂದ.

ಮಂಚ ಎಳೆದ ಸದ್ದಿಗೆ ಎದುರು ಬಾಗಿಲು ತೆರೆಯಿತು. ತಿಜೋರಿ ತಾತ ಹೊರಗೆ ಬಂದರು. ಅವರು ಬ್ಯಾಂಕುಗಳಿಗೆ ಕಬ್ಬಿಣದ ತಿಜೋರಿ ಕೂರಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಅವರ ಕೈಗೆ ಸರಿಯಾದ ಕೆಲಸವೇ ಸಿಕ್ಕಿರಲಿಲ್ಲ. ವಿಷಯ ಕೇಳಿದ್ದೇ ತಡ, ಅವರ ಕಣ್ಣು ಹಬ್ಬಕ್ಕೆ ತೊಳೆದ ಕಿಟಕಿಯ ಹಾಗೆ ಹೊಳೆಯಿತು.

“ಕಂಬ ಇದೆಯಲ್ಲಪ್ಪ,” ಎಂದು ಹಾಲಿಗೂ ಅಡುಗೆಮನೆಗೂ ನಡುವಿನ ಕಾಂಕ್ರೀಟ್ ಕಂಬವನ್ನು ತಟ್ಟಿದರು. “ಇದಕ್ಕೊಂದು ಉಕ್ಕಿನ ಬಳೆ ಹೊಡೆಯೋಣ. ಬೀಗ ನಂದೇ ಕೊಡ್ತೀನಿ. ಬ್ಯಾಂಕಿನ ಬೀಗ, ಗರಗಸ ಹಿಡಿಯಲ್ಲ. ಬಳೆ ಸುತ್ತ ತುಂಬೋಕೆ ಗಟ್ಟಿಯಾದ್ದೇನಾದ್ರೂ ಬೇಕು. ನಿಮ್ಮ ಹಲ್ಲಿನ ಕೆಲಸದಲ್ಲಿ ಒಂದು ಸಿಮೆಂಟ್ ಇರುತ್ತಲ್ಲ?”

ದಂತಣ್ಣನ ಎದೆ ಉಬ್ಬಿತು. “ಇದೆ ತಾತ. ಒಮ್ಮೆ ಕೂತ್ರೆ ಸುತ್ತಿಗೆಗೂ ಬಗ್ಗಲ್ಲ. ಆದ್ರೆ ಕಲಸಿದ ಮೇಲೆ ತಡಮಾಡೋ ಹಾಗಿಲ್ಲ. ಉಳಿದಿದ್ದು ಕಲ್ಲಾಗುತ್ತೆ.”

ಓಡಿಹೋಗಿ ಆಸ್ಪತ್ರೆಯಿಂದ ಸಿಮೆಂಟಿನ ಡಬ್ಬಿ ತಂದ. ತಾತ ಡ್ರಿಲ್ಲು ಹಿಡಿದರು. ಆ ಸದ್ದಿಗೆ ಮಾವನ ಕುರ್ಚಿ ಹಾಲಿನಲ್ಲಿ ತಾನಾಗಿಯೇ ಒಂದು ಗೇಣು ಮುಂದೆ ಹೋಯಿತು. ಕೆಳಗಿನ ಮನೆಯಿಂದ, ಇವರಿಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಮಾಲೀಕರ ಕೂಗು ಕೇಳಿಸಿತು.

“ನೀನು ಹೋಗಿ ಅವರನ್ನ ಸಮಾಧಾನ ಮಾಡಿ ಬಾರಪ್ಪ,” ಎಂದರು ತಾತ ಧೂಳಿನ ನಡುವಿನಿಂದ. “ಇಲ್ಲಿ ನಾನಿದೀನಲ್ಲ.”

ಮನೆ ಮಾಲೀಕರು ತಮ್ಮ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. “ಏನು ದಂತಣ್ಣ, ಕೊರೀತಿದ್ದೀರಿ? ಅದು ಕಂಬ. ಹಲ್ಲಲ್ಲ.” ಮಾತಿಗೊಮ್ಮೆ ಅವರ ಕೆಳಗಿನ ಸೆಟ್ಟು ಟಕ್ ಎನ್ನುತ್ತಿತ್ತು. “ಮಗಳನ್ನ ಮದುವೆ ಮಾಡಿ ಕೊಟ್ಟ ಹಾಗೆ ನಿಮ್ಮನ್ನ ನಂಬಿ ಮನೆ ಕೊಟ್ಟಿದ್ದೀನಿ. ಟಕ್. ಹೀಗಾ ನೋಡ್ಕೊಳೋದು?”

“ಒಂದೇ ತೂತು ಸರ್. ವಿಮೆಯವರ ಷರತ್ತು. ನಾನೇನು ಆಸೆಪಟ್ಟು ಕೊರೀತಿದ್ದೀನಾ?” ದಂತಣ್ಣನಿಗೆ ಸಿಟ್ಟು ಗಂಟಲಿಗೆ ಬಂದಿತ್ತು, ಆದರೆ ಕಿವಿಗೆ ಕೆಲಸದ ಸದ್ದು ಬಿದ್ದರೆ ಅವನು ಸಿಟ್ಟು ಮರೆಯುವವನು. “ಸರ್, ಆ ಕೆಳಗಿನ ಸೆಟ್ಟು ಸಡಿಲ ಆಗಿದೆಯಲ್ಲ? ಕೊಡಿ, ಈಗಲೇ ಸರಿಮಾಡಿ ಕೊಡ್ತೀನಿ.”

ಮಾಲೀಕರು ಸ್ವಲ್ಪ ಯೋಚಿಸಿ ಸೆಟ್ಟು ತೆಗೆದುಕೊಟ್ಟರು. ದಂತಣ್ಣ ಜೇಬಿನಲ್ಲಿದ್ದ ಸಣ್ಣ ಅರದಿಂದ ಅಲ್ಲಿಷ್ಟು ಇಲ್ಲಿಷ್ಟು ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಿ, ಕೊನೆಗೆ ತೃಪ್ತಿಯಾಗಿ ತಲೆಯಾಡಿಸಿದ. ಮಾಲೀಕರು ಒಂದು ಬಾದಾಮಿ ಕಡಿದು ನೋಡಿದರು. ಟಕ್ ಇಲ್ಲ. ತೂತಿಗೆ ಒಪ್ಪಿಗೆ ಸಿಕ್ಕಿತು. “ವಿಮೆಯವರು ಬಂದಾಗ ನಾನೂ ಮೇಲೆ ಬರ್ತೀನಿ. ನನ್ನ ಕಂಬ ನಾನೂ ನೋಡ್ಬೇಕು,” ಎಂದರು.

ದಂತಣ್ಣ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಸೈಕಲ್ಲು ಕಂಬಕ್ಕೆ ಅಂಟಿ ನಿಂತಿತ್ತು. ಉಕ್ಕಿನ ಬಳೆ ಕಂಬದೊಳಗೆ ಹುಟ್ಟಿ ಬೆಳೆದ ಹಾಗಿತ್ತು. ಬೀಗದ ಕೊಂಡಿ ಸೈಕಲ್ಲಿನ ಮೈಯನ್ನು ಬಳೆಗೆ ಬಿಗಿದಿತ್ತು. ಅವನು ಹಿಡಿದು ಎಳೆದ. ಕೂದಲೆಳೆಯಷ್ಟೂ ಕದಲಲಿಲ್ಲ. ಬೆಳಗಿನಿಂದ ಮೊದಲ ಸಲ ಅವನು ನಕ್ಕ.

“ತಾತ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಕೀಲಿ ಕೊಡಿ.”

ತಾತ ಕೀಲಿ ಕೊಟ್ಟರು. ದಂತಣ್ಣ ಬೀಗವನ್ನು ತಿರುಗಿಸಿ ನೋಡಿದ. ಆ ಕಡೆ ನೋಡಿದ. ಈ ಕಡೆ ನೋಡಿದ.

“ಕೀಲಿ ಹಾಕೋ ಜಾಗ ಎಲ್ಲಿದೆ?”

“ಅದನ್ನೂ ತುಂಬಿಬಿಟ್ಟೆ,” ಎಂದರು ತಾತ ಹೆಮ್ಮೆಯಿಂದ. “ನಿನ್ನ ಸಿಮೆಂಟ್ ಸ್ವಲ್ಪ ಉಳೀತು. ಕಲ್ಲಾಗುತ್ತೆ ಅಂತ ನೀನೇ ಹೇಳಿದ್ದೆ. ಒಳ್ಳೇ ಸಾಮಾನು ಯಾಕೆ ದಂಡ ಮಾಡೋದು? ಮೂವತ್ತು ವರ್ಷದ ಅನುಭವದಲ್ಲಿ ಹೇಳ್ತೀನಿ, ಕಳ್ಳ ಯಾವತ್ತೂ ಒಳಗೆ ಬರೋದು ಕೀಲಿ ತೂತಿಂದಲೇ.”

“ನಾನು ಹೇಗೆ ತೆಗೀಲಿ?”

ತಾತನಿಗೆ ಈ ಪ್ರಶ್ನೆ ಹೊಸದು. “ನೀನು ಯಾಕೆ ತೆಗೀತೀಯ?” ಎಂದರು.

“ನಾಳೆ ಬೆಳಿಗ್ಗೆ ತುಳೀಬೇಕು ತಾತ. ಅದು ಸೈಕಲ್ಲು. ಸೈಕಲ್ಲನ್ನ ತುಳೀತಾರೆ.”

“ಅದನ್ನ ಮೊದಲೇ ಹೇಳಬಾರದಾ?”

ದಂತಣ್ಣ ಸಿಮೆಂಟನ್ನು ಅರದಿಂದ ಕೆರೆದ. ಅರ ಸವೆಯಿತು. ತನ್ನ ಸಿಮೆಂಟು ಎಷ್ಟು ಒಳ್ಳೆಯದೆಂದು ಅವನಿಗೆ ಗೊತ್ತಿತ್ತು, ಇಷ್ಟು ಒಳ್ಳೆಯದೆಂದು ಗೊತ್ತಿರಲಿಲ್ಲ. ಬೀಗವನ್ನು ಕತ್ತರಿಸಲು ಹೋದರೆ ತೆಳ್ಳಗಿನ ಸೈಕಲ್ಲು ಒಡೆಯುತ್ತದೆ, ಬಳೆಯನ್ನು ಕೀಳಲು ಹೋದರೆ ಕಂಬ ಒಡೆಯುತ್ತದೆ. ಅವನು ಬಾಯಿಗೆ ಬಂದದ್ದನ್ನು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ವಿಮೆ ಕಂಪನಿಯಿಂದ ಬಂದವಳು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡ ಚುರುಕು ಹುಡುಗಿ. ಅವಳ ಹಿಂದೆಯೇ ಮಾಲೀಕರು. ಅವಳು ಸೈಕಲ್ಲನ್ನು ಹಿಡಿದು ಅಲ್ಲಾಡಿಸಿದಳು. ಎರಡು ಕೈಯಲ್ಲಿ ಎಳೆದಳು. ಕಂಬಕ್ಕೆ ಕಾಲು ಕೊಟ್ಟು ಎಳೆದಳು.

“ಅಲುಗಾಡಲ್ಲ ಅಲ್ವಾ?” ಎಂದ ದಂತಣ್ಣ. ಬೀಗದ ಕತೆ ಆಮೇಲೆ ನೋಡಿಕೊಳ್ಳೋಣ, ಮೊದಲು ಪಾಲಿಸಿ ಕೈಗೆ ಬರಲಿ ಎಂದು ಅವನ ಲೆಕ್ಕ.

“ಅಲುಗಾಡಲ್ಲ ಸರ್. ಸ್ವಲ್ಪ ಬೀಗ ತೆಗೆದು ತೋರಿಸ್ತೀರಾ?”

ದಂತಣ್ಣ ಕೈಯಲ್ಲಿದ್ದ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಕೊನೆಗೆ ತಾತನೇ ನಡೆದದ್ದನ್ನು ವಿವರವಾಗಿ ಹೇಳಿದರು, ಬಹುಮಾನ ತೆಗೆದುಕೊಳ್ಳಲು ನಿಂತವರ ಹಾಗೆ.

ಹುಡುಗಿ ತುಟಿ ಕಚ್ಚಿಕೊಂಡಳು. “ಹಾಗಾದ್ರೆ ಇದು ಮನೆ ಸಾಮಾನಿನ ವಿಮೆಯಲ್ಲಿ ಬರಲ್ಲ ಸರ್.”

“ಯಾಕೆ ಬರಲ್ಲ?” ದಂತಣ್ಣ ಬೆಳಗಿನಿಂದ ಕೂಡಿಟ್ಟಿದ್ದ ಸಿಟ್ಟು ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿತು. “ಅಲುಗಾಡಬಾರದು ಅಂದವರು ನೀವೇ. ಅಲುಗಾಡದ ಹಾಗೆ ಮಾಡಿದ್ದೀವಿ. ಈಗ ಅಲುಗಾಡಲ್ಲ ಅಂತ ಬೇಡ ಅಂತೀರಾ?”

“ಕಳ್ಳನಿಗೆ ಬಿಚ್ಚೋಕೆ ಬರಬಾರದು ಸರ್. ನಿಮಗೆ ಬರಬೇಕು.” ಅವಳು ತಾಳ್ಮೆಯಿಂದ ಹೇಳಿದಳು. “ಸುಲಭವಾಗಿ ಹೇಳ್ತೀನಿ. ಈ ಮನೇನ ತಲೆಕೆಳಗು ಮಾಡಿ ಜೋರಾಗಿ ಕೊಡವಿದ್ವಿ ಅಂದ್ಕೊಳ್ಳಿ. ಕೆಳಗೆ ಬಿದ್ದಿದ್ದೆಲ್ಲ ಮನೆ ಸಾಮಾನು. ಬೀಳದೆ ಉಳಿದಿದ್ದು ಕಟ್ಟಡ.”

“ನಾನು?” ಎಂದರು ಮಾವ ಕುರ್ಚಿಯಿಂದ.

“ನೀವು ಬೀಳ್ತೀರಿ ಸರ್.”

ಮಾವ ನಿಟ್ಟುಸಿರು ಬಿಟ್ಟು ಪೇಪರು ಮಡಿಸಿದರು. ಮಾಲೀಕರು ಸುಮ್ಮನೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ದಂತಣ್ಣನಿಗೆ ಬೇಡವೆಂದರೂ ಅರ್ಥವಾಯಿತು. ಹುಟ್ಟಿದ ಹಲ್ಲು ಕಟ್ಟಡ, ಕಟ್ಟಿಸಿದ ಸೆಟ್ಟು ಸಾಮಾನು.

“ಈಗ ಹೇಳಿ,” ಎಂದಳು ಹುಡುಗಿ. “ಸೈಕಲ್ಲು ಬೀಳುತ್ತಾ?”

“ಮನೆ ಬಿದ್ರೂ ಅದು ಬೀಳಲ್ಲಮ್ಮ,” ಎಂದರು ತಿಜೋರಿ ತಾತ.

“ಹಾಗಾದ್ರೆ ಅದು ಕಟ್ಟಡದ ಭಾಗ. ಕಟ್ಟಡಕ್ಕೆ ವಿಮೆ ಇದೆಯಾ?”

“ಇದೆ,” ಎಂದರು ಮಾಲೀಕರು ಬಾಯಿಂದ ಕೈ ತೆಗೆದು. “ನಿಮ್ಮ ಕಂಪನಿಯಲ್ಲೇ. ವರ್ಷ ವರ್ಷ ತಪ್ಪದೆ ಕಟ್ತೀನಿ.”

ಹುಡುಗಿಯ ಮುಖ ಅರಳಿತು. “ಮತ್ತೇನು ಯೋಚನೆ ಸರ್? ಸೈಕಲ್ಲಿಗೆ ಆಗಲೇ ವಿಮೆ ಇದೆ. ನೀವು ಒಂದು ಕಾಸೂ ಕಟ್ಟೋದು ಬೇಡ.”

ಇಡೀ ದಿನದಲ್ಲಿ ಅದೊಂದೇ ಸಂತೋಷದ ಕ್ಷಣ. ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹಾಲಿಗೆ ಬಂದಳು. “ಹಾಗಾದ್ರೆ ಕಳುವಾದ್ರೆ ದುಡ್ಡು ಬರುತ್ತಲ್ವಾ?”

“ಖಂಡಿತ ಬರುತ್ತೆ ಮೇಡಂ. ಮಾಲೀಕರಿಗೆ.”

ದಂತಣ್ಣ ಕಂಬಕ್ಕೆ ಒರಗಿದ. ಬೇರೆ ಯಾವುದಕ್ಕೆ ಒರಗಿದರೂ ಅದು ಸರಿಯುತ್ತದೆಂದು ಅವನಿಗೆ ಗೊತ್ತಿತ್ತು. “ಬೇಡ. ನಂಗೆ ಈ ವಿಮೇನೇ ಬೇಡ. ಸೈಕಲ್ಲನ್ನ ಅಂಗಡಿಗೇ ವಾಪಸ್ ಕೊಡ್ತೀನಿ.”

“ಅದು ಹೇಗೆ ಕೊಡ್ತೀರಿ?” ಮಾಲೀಕರ ಪ್ರತಿ ಅಕ್ಷರವೂ ಸ್ಪಷ್ಟವಾಗಿ, ಗಟ್ಟಿಯಾಗಿ ಬಂತು. “ನನ್ನ ಕಟ್ಟಡದ ಭಾಗವನ್ನ ಕಿತ್ತು ಅಂಗಡಿಗೆ ಕೊಡ್ತೀರಾ? ನಾಳೆ ಕಿಟಕಿ ಕೊಡ್ತೀರಿ. ನಾಡಿದ್ದು ಬಾಗಿಲು.”

“ಸರ್, ಅದಕ್ಕೆ ದುಡ್ಡು ಕೊಟ್ಟವನು ನಾನು.”

“ಕಂಬಕ್ಕೆ ಕೊಟ್ಟವನು ನಾನು.”

ದಂತಣ್ಣ ಹುಡುಗಿಯನ್ನು ನೋಡಿದ. ಅವಳು ಹೆಲ್ಮೆಟ್ಟು ಹಾಕಿಕೊಳ್ಳುತ್ತಿದ್ದಳು. ತಾತನನ್ನು ನೋಡಿದ. ಅವರು ತಮ್ಮ ಬೀಗದ ಮೇಲಿನ ಧೂಳನ್ನು ಪ್ರೀತಿಯಿಂದ ಒರೆಸುತ್ತಿದ್ದರು. ಹೆಂಡತಿಯನ್ನು ನೋಡಿದ. ಅವಳಿಗೆ ಅವನ ಮುಖ ನೋಡಿ ಪಾಪ ಎನಿಸಿತು, ಆದರೂ ಮನಸ್ಸಿಗೆ ನೆಮ್ಮದಿಯಾದದ್ದನ್ನು ಮುಚ್ಚಿಡಲಾಗಲಿಲ್ಲ. “ಬಿಡಿ, ಹೋಗ್ಲಿ. ಕಣ್ಣೆದುರಿಗೇ ಇರುತ್ತಲ್ಲ. ಇನ್ಮೇಲೆ ಕಳುವಾಗೋ ಭಯ ಇಲ್ಲ. ಬನ್ನಿ, ಮಧ್ಯಾಹ್ನಾನೂ ಉಂಡಿಲ್ಲ, ಊಟ ಬಡಿಸ್ತೀನಿ.”

ಬಂದವರೆಲ್ಲ ಹೊರಟರು, ಮಾಲೀಕರೊಬ್ಬರನ್ನು ಬಿಟ್ಟು. ಅವರು ಹೊಸದಾಗಿ ಕೈಗೆ ಬಂದ ಆಸ್ತಿಯನ್ನು ನೋಡುವವರ ಹಾಗೆ ನಿಧಾನವಾಗಿ ಸೈಕಲ್ಲಿನ ಸುತ್ತ ಬಂದರು. ಸೀಟು ತಟ್ಟಿದರು. ಬೆಲ್ಲು ಒತ್ತಿ, ಅದರ ಸದ್ದು ನಿಲ್ಲುವ ತನಕ ಕೇಳಿದರು. ಆಮೇಲೆ ಬಗ್ಗಿ ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ಹುಬ್ಬು ಗಂಟಿಕ್ಕಿದರು.

“ಇದರಲ್ಲಿ ಗಾಳಿ ಕಮ್ಮಿ ಇದೆಯಲ್ಲ ದಂತಣ್ಣ. ಬಾಡಿಗೆಗೆ ಇರೋರು ಕಟ್ಟಡನ ಚೆನ್ನಾಗಿ ನೋಡ್ಕೋಬೇಕಪ್ಪ.”

ದಂತಣ್ಣ ಒಳಗೆ ಹೋಗಿ ಪಂಪು ತಂದ, ಕಂಬದ ಪಕ್ಕ ಮಂಡಿಯೂರಿದ, ಮಾಲೀಕರ ಕಟ್ಟಡಕ್ಕೆ ಗಾಳಿ ಹೊಡೆಯತೊಡಗಿದ.