ಮೂವತ್ತೆರಡು ಇಂಚಿನ ಗುಟ್ಟು

“ಈ ಜಂಬುನಾಥನ ಮೂಗಿನ ಮ್ಯಾಲೆ ಕನ್ನಡಕ ಕೂಡಂಗಿಲ್ಲ! ಬೇಕಾದ್ರ ಅಕ್ಷರಾನ ದೊಡ್ಡವು ಆಗಲಿ!”

ಬುಧವಾರ ಬೆಳಿಗ್ಗೆ ಮಂಡಕ್ಕಿ ಉಗ್ಗಾಣಿಯ ತಟ್ಟೆಯನ್ನು ಸಾಕ್ಷಿಗಿಟ್ಟುಕೊಂಡು ಆದೋನಿಯ ಹತ್ತಿ ವ್ಯಾಪಾರಿ ಜಂಬುನಾಥ ಈ ಘೋಷಣೆ ಹೊರಡಿಸಿದಾಗ, ಹೆಂಡತಿ ಮಂಗಳಾ ಮೆಣಸಿನಕಾಯಿ ಬಜ್ಜಿ ಬಡಿಸುತ್ತಿದ್ದಳು.

“ಅಕ್ಷರ ಎಲ್ಲಾರಿಗೂ ಒಂದಾ ಸೈಜು ರೀ. ನಿಮಗೊಬ್ರಿಗೆ ದೊಡ್ಡವು ಮಾಡಾಕ ಅವೇನು ಬಜ್ಜಿ ಏನು?” ಎಂದಳು.

ವಿಷಯ ಬಜ್ಜಿಗಿಂತ ಖಾರವಾಗಿತ್ತು. ಈಗ ಮಾರ್ಕೆಟ್ ಯಾರ್ಡಿನಲ್ಲಿ ಮೊದಲಿನ ಕೂಗಾಟವಿಲ್ಲ. ವ್ಯಾಪಾರಿಗಳು ಬೆಳಿಗ್ಗೆ ರಾಶಿಗಳನ್ನು ಮುಟ್ಟಿ, ಹಿಂಜಿ ನೋಡಿ, ಆಮೇಲೆ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಒಂದೊಂದು ಲಾಟಿಗೂ ತಮ್ಮ ರೇಟು ಬರೆಯುತ್ತಾರೆ. ಒಬ್ಬರ ರೇಟು ಇನ್ನೊಬ್ಬರಿಗೆ ಕಾಣದು. ಮಧ್ಯಾಹ್ನ ಒಂದು ಗಂಟೆಯ ತನಕ ಎಷ್ಟು ಸಲ ಬೇಕಾದರೂ ತಿದ್ದಬಹುದು. ಒಂದು ಹೊಡೆಯಿತೋ, ಬರೆದದ್ದೇ ಬರಹ. ಹೆಚ್ಚು ಬರೆದವನದೇ ಹತ್ತಿ!

ಜಂಬುನಾಥನ ಲ್ಯಾಪ್‌ಟಾಪು ಹನ್ನೊಂದು ಇಂಚಿನದು. ಬಗಲಚೀಲದಲ್ಲಿ ಹಿಡಿಸುತ್ತದೆ ಎಂದು ಅವನೇ ಹುಡುಕಿ ತಂದದ್ದು. ಅದರ ಪರದೆಯ ಮೇಲೆ ಎಂಟೂ ಮೂರೂ ಅವಳಿ ಮಕ್ಕಳಂತೆ ಕಾಣುತ್ತಿದ್ದವು. ಮಂಗಳವಾರ ಕ್ವಿಂಟಲಿಗೆ 7,800 ಬರೆದೆನೆಂದು ಎದೆಯುಬ್ಬಿಸಿ ಕೂತವನು ಬರೆದದ್ದು 7,300! ಲಾಟು ಕೈಬಿಟ್ಟಿತು. ಸಾಲದ್ದಕ್ಕೆ ಈ ವಾರವೆಲ್ಲ ಲೈನ್ ರಿಪೇರಿ. ಹನ್ನೆರಡಾಯಿತೆಂದರೆ ಕರೆಂಟು ಹೋಗುತ್ತಿತ್ತು. ಲ್ಯಾಪ್‌ಟಾಪಿನ ಹಳೆಯ ಬ್ಯಾಟರಿಯೋ, ಒಂದು ಗಂಟೆ ಏದುಸಿರು ಬಿಟ್ಟು ಮಲಗಿಬಿಡುತ್ತಿತ್ತು.

ಇದೆಲ್ಲ ಬೇರೆ ವಾರ ಆಗಿದ್ದರೆ ಸಹಿಸಬಹುದಿತ್ತು. ಆದರೆ ನೂಲಿನ ಮಿಲ್ಲಿನವರು ಗಡುವು ಕೊಟ್ಟಿದ್ದರು: ಶನಿವಾರದೊಳಗೆ ಒಂದು ಲಾರಿ ಉದ್ದ ಎಳೆಯ ಹತ್ತಿ ಬೇಕು, ಬಾರದಿದ್ದರೆ ಈ ಹಂಗಾಮಿನ ಆರ್ಡರು ಪೂರ್ತಿ ಹಾಲಸ್ವಾಮಿಗೆ. ಹಾಲಸ್ವಾಮಿ ಅದೇ ಓಣಿಯ ಇನ್ನೊಬ್ಬ ವ್ಯಾಪಾರಿ. ಎದುರಿಗೆ ಸಿಕ್ಕರೆ “ಜಂಬಣ್ಣಾ” ಎಂದು ಕರಗುತ್ತಿದ್ದ, ಬೆನ್ನು ತಿರುಗಿಸಿದರೆ ಲಾಟು ಕರಗಿಸುತ್ತಿದ್ದ.

“ಕನ್ನಡಕ ಹಾಕ್ಕೊಂಡ್ರ ಏನಾಗತೈತ್ರಿ?” ಎಂದು ಮಂಗಳಾ ಕೊನೆಯ ಸಲ ಕೇಳಿದಳು.

“ವ್ಯಾಪಾರಿ ಮುಖದ ಮ್ಯಾಲೆ ಕನ್ನಡಕ ಕಂಡ್ರ ರೈತ್ರು ಹಳೇ ಹತ್ತೀನ ಮುಂದಕ್ಕ ನೂಕ್ತಾರ. ನಿನಗ ತಿಳಿಯಂಗಿಲ್ಲ ಬಿಡು!” ಎಂದವನೇ ದೊಡ್ಡ ಮಾನಿಟರನ್ನೂ ಬ್ಯಾಟರಿಯನ್ನೂ ತರಲು ದಂಡಯಾತ್ರೆ ಹೊರಟ.

ಕಂಪ್ಯೂಟರ್ ಅಂಗಡಿಯಲ್ಲಿ ಸುಷ್ಮಿತಾ ಎಂಬ ಹೆಣ್ಣುಮಗಳು ವ್ಯಾಪಾರ ನೋಡಿಕೊಳ್ಳುತ್ತಿದ್ದಳು. ಆಕೆ ಇಪ್ಪತ್ತೆರಡು ಇಂಚಿನ ಮಾನಿಟರು ತೋರಿಸಿ, “ಅಂಕಲ್, ಮೀಕು ಇದಿ ಚಾಲು, ಇಷ್ಟೇ ಸಾಕು. ಟೇಬಲ್ ಮ್ಯಾಲೆ ಚೆಂದ ಕೂಡತೈತಿ,” ಎಂದಳು.

ಜಂಬುನಾಥ ಮೊಳ ಹಾಕಿ ನೋಡಿದ. “ಏನವ್ವಾ, ಇಪ್ಪತ್ತೆರಡು ಎಲ್ಲೈತಿ? ಅಗಲ ಹತ್ತೊಂಬತ್ತೂ ದಾಟಂಗಿಲ್ಲ!”

“ಮೂಲೆಯಿಂದ ಮೂಲೆಗೆ ಅಳೀತಾರ ಅಂಕಲ್.”

“ಮೂಲಿಯಿಂದ ಮೂಲಿಗೆ! ನಮ್ಮ ಅಳಿಯ ಬಟ್ಟಿ ಅಂಗಡ್ಯಾಗ ಹಂಗ ಅಳದು ಮಾರಿದ್ರ ಜನ ಅವನ್ನ ಮೂಲಿಗೆ ಹಾಕಿ ಅಳೀತಾರ!”

ಅಳತೆಯಲ್ಲೇ ಮೋಸವಿರುವ ವಸ್ತುವನ್ನು ಕೊಳ್ಳುವಾಗ ಹತ್ತು ಇಂಚು ಹೆಚ್ಚಿಗೇ ಕೊಳ್ಳಬೇಕೆಂದು ಅವನ ವ್ಯಾಪಾರಬುದ್ಧಿ ಹೇಳಿತು. ಮೂವತ್ತೆರಡಕ್ಕೆ ಬೆರಳು ತೋರಿಸಿದ. ಆಕೆ ಮೇಲಿನ ಪೆಟ್ಟಿಗೆಗೆ ಕೈ ಹಾಕುತ್ತಿದ್ದಂತೆ, “ಮ್ಯಾಲಿಂದು ಬ್ಯಾಡ, ನಡುವಿಂದು ತೆಗಿ!” ಎಂದು ತಡೆದ. ಮೇಲೆ ಬೆಳ್ಳನೆಯ ಹತ್ತಿ ಹರಡಿ ಒಳಗೆ ಕಸ ತುಂಬಿದ ರಾಶಿಗಳನ್ನು ಮೂವತ್ತು ವರ್ಷ ಕಂಡವನು! ಸುಷ್ಮಿತಾ ಐದು ಪೆಟ್ಟಿಗೆ ಇಳಿಸಿ, ಮೂರನೆಯದನ್ನು ಕೊಟ್ಟು, ನಾಲ್ಕನ್ನು ಮತ್ತೆ ಏರಿಸಿದಳು.

ಬ್ಯಾಟರಿಯ ಸರದಿ ಬಂತು. ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಸಬಹುದು, ಇಲ್ಲವೇ ಈ ಪವರ್ ಬ್ಯಾಂಕ್ ಸಾಕು, ಸಣ್ಣ ಮಾನಿಟರಾದರೆ ಅದನ್ನೂ ಒಂದೆರಡು ಗಂಟೆ ಎಳೆಯುತ್ತದೆ ಎಂದು ಆಕೆ ಸಾಬೂನಿನ ಪೆಟ್ಟಿಗೆಯಂಥದ್ದೊಂದನ್ನು ಕೈಗಿಟ್ಟಳು. ಜಂಬುನಾಥ ಅದನ್ನು ಅಂಗೈಯಲ್ಲಿ ತೂಗಿದ. ಎಡಗೈಯಲ್ಲೂ ತೂಗಿದ.

“ಇದರಾಗ ಏನೂ ಇಲ್ಲವ್ವಾ. ಹತ್ತಿ ಆದ್ರ ಹಗೂರ ಇರಬೇಕು, ಬ್ಯಾಟರಿ ಆದ್ರ ಭಾರ ಇರಬೇಕು. ನಿಮ್ಮ ಅಂಗಡ್ಯಾಗ ಎಲ್ಲಾದಕ್ಕಿಂತ ಭಾರದ್ದು ಯಾವುದೈತಿ?”

“ಅದು ಮನೆಗೆ ಹಾಕೋ ಇನ್ವರ್ಟರ್ ಬ್ಯಾಟರಿ ಅಂಕಲ್! ಎತ್ತಾಕ ಇಬ್ಬರು ಬೇಕು.”

“ಇಬ್ಬರು ಬೇಕಾ? ಹಂಗಾದ್ರ ಅದನ್ನಾ ಕೊಡು!”

ಇನ್ವರ್ಟರು ಮಾತ್ರ ಬರೀ ಡಬ್ಬಿಯೆಂದು ಅತಿ ಸಣ್ಣದನ್ನು ಆರಿಸಿದ. “ಇದರ ಮ್ಯಾಲೆ ಒಂದು ಮಾನಿಟರು, ಒಂದು ಫ್ಯಾನು, ಅಷ್ಟೇ ಅಂಕಲ್,” ಎಂದು ಸುಷ್ಮಿತಾ ಮೂರು ಸಲ ಹೇಳಿದಳು. ಜಂಬುನಾಥನ ಕಿವಿಯಲ್ಲಿ ‘ಇಬ್ಬರು ಎತ್ತಬೇಕು’ ಎಂಬ ಮಂಗಳವಾದ್ಯವೇ ಇನ್ನೂ ಮೊಳಗುತ್ತಿತ್ತು.

ಇಬ್ಬರು ಹಮಾಲರು ಬ್ಯಾಟರಿಯನ್ನು ಪಡಸಾಲೆಗೆ ತಂದು, ಗೋಡೆಯ ಬುಡದಲ್ಲಿ ಇಳಿಸಿ, ಒಂದು ಟೈಲು ಒಡೆದು, ಸೊಂಟ ಹಿಡಿದುಕೊಂಡು ಹೋದರು. ಅದು ಕೂತ ಜಾಗವೇ ಅದರ ಜಾಗವಾಯಿತು. ಅಲುಗಿಸುವ ಶಕ್ತಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಾನಿಟರಿನ ವೈರು ಗಿಡ್ಡ, ಆದ್ದರಿಂದ ಮಾನಿಟರೂ ಅದೇ ಗೋಡೆಗೆ ಏರಿತು. ಎದುರಿಗೆ ಬೀದಿಯ ದೊಡ್ಡ ಕಿಟಕಿ. ಜಂಬುನಾಥ ಗಾಳಿಗೆ ಬೆನ್ನೊಡ್ಡಿ, ಕಿಟಕಿಗೆ ಬೆನ್ನು ಹಾಕಿ, ಸಿಂಹಾಸನಾರೂಢನಾದ. ಅಕ್ಷರಗಳನ್ನು ಹಿಗ್ಗಿಸಿದ, ಇನ್ನೂ ಹಿಗ್ಗಿಸಿದ. ಒಂದೊಂದು ಅಂಕಿಯೂ ಗೇಣುದ್ದ ನಿಂತಿತು.

“ನೋಡು ಮಂಗಳಾ! ಎಂಟು ಅಂದ್ರ ಎಂಟು! ಎರಡು ಕುಂಬಳಕಾಯಿ ಒಂದರ ಮ್ಯಾಲೊಂದು ಇಟ್ಟಂಗ!”

“ಸಿನೆಮಾ ಟಾಕೀಸು ಆತು. ಟಿಕೀಟು ಹರಿಯೋರು ಒಬ್ಬರು ಬೇಕಷ್ಟ,” ಎಂದು ಮಂಗಳಾ ಒಳಗೆ ಹೋದಳು.

ಗುರುವಾರ ಹನ್ನೆರಡಕ್ಕೆ ಕರೆಂಟು ಹೋಯಿತು. ಓಣಿಯೆಲ್ಲ ಮಂಕಾದರೂ ಜಂಬುನಾಥನ ಗೋಡೆ ಮಾತ್ರ ಹುಣ್ಣಿಮೆಯಂತೆ ಹೊಳೆಯಿತು. ಒಳ್ಳೆಯ ಲಾಟೊಂದಕ್ಕೆ 8,050 ಬರೆದ. ಒಂದು ಹೊಡೆಯಿತು. ಹತ್ತಿ ಹಾಲಸ್ವಾಮಿಯ ಪಾಲು, 8,060ಕ್ಕೆ!

“ಹತ್ತೇ ರೂಪಾಯಿ! ಇರಲಿ, ಹಣೇಬರಹ,” ಎಂದ.

ಶುಕ್ರವಾರವೂ ಹೀಗೇ ಆಯಿತು. ಈ ಸಲವೂ ಹತ್ತೇ ರೂಪಾಯಿ. ಹಣೆಬರಹಕ್ಕೆ ಇಷ್ಟು ಚೆನ್ನಾಗಿ ಲೆಕ್ಕ ಬರುವುದಿಲ್ಲವೆಂದು ಜಂಬುನಾಥನಿಗೆ ಅನುಮಾನ ಶುರುವಾಯಿತು. ಲ್ಯಾಪ್‌ಟಾಪಿನಲ್ಲಿ ವೈರಸ್ ಹೊಕ್ಕಿದೆಯೆಂದು ಅದಕ್ಕೆ ಊದಿನಕಡ್ಡಿ ಬೆಳಗಿದ. ಹಾಲಸ್ವಾಮಿಯ ಬಗ್ಗೆಯಂತೂ ಅನುಮಾನಪಡಲು ಎಡೆಯೇ ಇರಲಿಲ್ಲ. ಪಾಪ, ಅವನು ಎರಡು ದಿನದಿಂದ ಎದುರುಗಡೆ ದಸ್ತಗಿರಿಯ ಚಹಾದಂಗಡಿಯ ಬೆಂಚಿನಲ್ಲಿ ಕೂತು ಚಹಾದ ಮೇಲೆ ಚಹಾ ಕುಡಿಯುತ್ತ, ಫೋನು ಒತ್ತುತ್ತ ಕಾಲ ಕಳೆಯುತ್ತಿದ್ದ!

ಶನಿವಾರ ಬಂತು. ಹನ್ನೊಂದೂವರೆಗೆ ಮಂಗಳಾ ಕೊತ್ತಂಬರಿ ಕಟ್ಟು ಹಿಡಿದು ಬೀದಿಯಿಂದ ಒಳಗೆ ಬಂದಳು.

“ರೀ, ಗೋನೆಗಂಡ್ಲದ ಲಾಟಿಗೆ ಎಂಟು ಸಾವಿರದ ನೂರು ಹಾಕೀರೇನು?”

ಜಂಬುನಾಥ ಕುರ್ಚಿಯಿಂದ ಒಂದಡಿ ಹಾರಿದ. “ನಿನಗ್ಯಾರು ಹೇಳಿದ್ರು?”

“ಯಾರ್ ಹೇಳಬೇಕು? ಓದಿದೆ. ದಸ್ತಗಿರಿ ಅಂಗಡಿ ಮುಂದ ಕೊತ್ತಂಬರಿ ಬಂಡಿ ಹತ್ರ ನಿಂತು ಓದಿದೆ. ಬಂಡಿಯಾಕೀನೂ ಓದಿದ್ಲು. ಆಕಿ ಕಲಿತಿದ್ದು ಎರಡನೇ ಕ್ಲಾಸು!”

ಜಂಬುನಾಥ ಮೆಲ್ಲಗೆ ತಿರುಗಿ ಕಿಟಕಿಯ ಹೊರಗೆ ನೋಡಿದ. ಬೆಂಚಿನಿಂದ ಹಾಲಸ್ವಾಮಿ ಕೈಯೆತ್ತಿ ನಮಸ್ಕಾರ ಮಾಡಿದ. ಮೂವತ್ತು ವರ್ಷ ಯಾರಿಗೂ ಮುಖದಲ್ಲಿ ರೇಟು ತೋರಿಸದ ಮನುಷ್ಯ, ಅದನ್ನು ಗೋಡೆಗೆ ತೂಗುಹಾಕಿ, ದೀಪ ಹಚ್ಚಿ, ಬ್ಯಾಟರಿ ಕೂಡಿಸಿ ಪ್ರದರ್ಶನಕ್ಕಿಟ್ಟಿದ್ದ!

“ಒಂದು ಸೀರಿ ಕಟ್ಟಿಬಿಡ್ಲೇನು ಕಿಟಕಿಗೆ?” ಎಂದಳು ಮಂಗಳಾ.

“ಬ್ಯಾಡ!” ಜಂಬುನಾಥನ ಕಣ್ಣುಗಳು ಮಿಂಚಿದವು. “ನೋಡಾಕ ಬಂದಾನ, ನೋಡಲಿ. ನಾ ತೋರಿಸಿದ್ದನ್ನ ನೋಡಲಿ!”

ಅವನ ವ್ಯೂಹ ಹೀಗಿತ್ತು. ಗೋನೆಗಂಡ್ಲ ಊರಿನ ಬೆಣ್ಣೆಯಂಥ ಉದ್ದ ಎಳೆಯ ಹತ್ತಿಗೆ ಪರದೆಯ ಮೇಲೆ ಬರೀ 6,500 ಬರೆಯುವುದು. ಆಸ್ಪರಿಯ ತೊಯ್ದು, ಕಸ ತುಂಬಿದ ಲಾಟಿಗೆ 8,600 ಬರೆಯುವುದು. ಹಾಲಸ್ವಾಮಿ ತನ್ನ ಪದ್ಧತಿಯಂತೆ ಎರಡಕ್ಕೂ ಹತ್ತು ಹತ್ತು ಸೇರಿಸಿ ಕೂಡುತ್ತಾನೆ. ಒಂದಕ್ಕೆ ಎರಡು ನಿಮಿಷ ಇರುವಾಗ ಪರದೆಗೆ ಬೆನ್ನು ಅಡ್ಡಕೊಟ್ಟು, ಎರಡು ರೇಟನ್ನೂ ಸರಿಮಾಡಿಬಿಡುವುದು. ಬೆಣ್ಣೆ ತನಗೆ, ಕಸ ಹಾಲಸ್ವಾಮಿಗೆ, ಆರ್ಡರೂ ತನಗೆ! ಬರೆದು ಮುಗಿಸಿ, ಹಾಲಸ್ವಾಮಿಗೆ ಚೆನ್ನಾಗಿ ಕಾಣಲೆಂದು ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೂ ಸರಿಸಿದ.

ಹನ್ನೆರಡೂ ಐವತ್ತಾರು. ಕರೆಂಟಿಲ್ಲ. ಜಂಬುನಾಥನ ಕಣ್ಣು ಗಡಿಯಾರದ ಮುಳ್ಳಿಗೆ ಅಂಟಿತ್ತು. ಹಿಂದಿನಿಂದ ಮಂಗಳಾ ಮಿಕ್ಸಿ ಎತ್ತಿಕೊಂಡು ಬಂದು, ಬ್ಯಾಟರಿಯ ಪಕ್ಕದಲ್ಲಿ ಖಾಲಿ ಇದ್ದ ಇನ್ವರ್ಟರಿನ ಪ್ಲಗ್ಗಿಗೆ ಸಿಕ್ಕಿಸಿದ್ದು ಅವನಿಗೆ ತಿಳಿಯಲಿಲ್ಲ.

ಗರ್‍ರ್ ಎಂದಿತು ಮಿಕ್ಸಿ. ಕೀಂ ಎಂದಿತು ಇನ್ವರ್ಟರು. ಹುಣ್ಣಿಮೆ ಆರಿತು. ಗೋಡೆಯ ಮೇಲೆ ಮೂವತ್ತೆರಡು ಇಂಚಿನ ಅಮಾವಾಸ್ಯೆ!

“ಏನ್ ಮಾಡಿದಿ?” ಎಂದು ಜಂಬುನಾಥ ಕಿರುಚಿದ.

“ಶೇಂಗಾ ಚಟ್ನಿ! ಇಬ್ಬರು ಎತ್ತೋ ಬ್ಯಾಟರಿ, ಒಂದು ಬೊಗಸಿ ಶೇಂಗಾ ಅರಿಯಂಗಿಲ್ಲ ಅಂದ್ರ ಅದ್ಯಾತರ ಬ್ಯಾಟರಿ ರೀ?”

“ರೇಟು ತಿದ್ದಬೇಕು! ಸಣ್ಣದರಾಗ ನೋಡು, ಓದು!”

ಪುಟ್ಟ ಲ್ಯಾಪ್‌ಟಾಪು ತನ್ನ ಸ್ವಂತ ಬ್ಯಾಟರಿಯ ಮೇಲೆ ಇನ್ನೂ ಉಸಿರಾಡುತ್ತಿತ್ತು. ಮಂಗಳಾ ಕೈಯ ಖಾರವನ್ನು ಸೆರಗಿಗೆ ಒರೆಸಿಕೊಂಡು ಬಗ್ಗುವಷ್ಟರಲ್ಲಿ ಜಂಬುನಾಥ ಕಣ್ಣು ಕಿರಿದು ಮಾಡಿ, ಸಾಸಿವೆಯಂಥ ಅಕ್ಷರಗಳ ನಡುವೆ ಒಂದು ಬಿಳಿ ಖಾನೆ ಹುಡುಕಿ, 8,100 ಎಂದು ಕುಟ್ಟಿ, ಎಂಟರ್ ಹೊಡೆದೇಬಿಟ್ಟ.

“ಹತ್ತಿತೇನು? ಹತ್ತಿತೇನು?”

“‘ಈ ಹೆಸರಿನ ಊರು ಇಲ್ಲ’ ಅನ್ನಾಕತ್ತೈತ್ರಿ.”

“ಯಾವ ಊರು?”

“ಎಂಟು ಸಾವಿರದ ನೂರು ಅನ್ನೋ ಊರು. ನೀವು ಒತ್ತಿದ್ದು ಊರು ಹುಡುಕೋ ಖಾನ್ಯಾಗ!”

ಒಂದು ಹೊಡೆಯಿತು.

ಮಂಗಳಾ ಫಲಿತಾಂಶವನ್ನು ಸಾವಕಾಶವಾಗಿ, ಒಂದಕ್ಷರವೂ ಬಿಡದೆ ಓದಿದಳು. ಆಸ್ಪರಿಯ ಕಸದ ಲಾಟು ಜಂಬುನಾಥನಿಗೆ, 8,600ಕ್ಕೆ. ಗೋನೆಗಂಡ್ಲದ ಬೆಣ್ಣೆ ಹಾಲಸ್ವಾಮಿಗೆ, 8,110ಕ್ಕೆ. ಅಲ್ಲಿಗೆ ಮಿಲ್ಲಿನ ಲಾರಿಯೂ, ಹಂಗಾಮಿನ ಆರ್ಡರೂ ಹಾಲಸ್ವಾಮಿಯ ಗೋದಾಮಿನ ದಾರಿ ಹಿಡಿದವು.

ಜಂಬುನಾಥನಿಗೆ ಒಂದೇ ಒಂದು ಅರ್ಥವಾಗಲಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ಹಾಲಸ್ವಾಮಿ ಬಲೆಗೆ ಬೀಳಲಿಲ್ಲವೇಕೆ? ಚಪ್ಪಲಿ ಮೆಟ್ಟಿ ನೇರ ರಸ್ತೆ ದಾಟಿದ.

“ಬರ್ರಿ ಜಂಬಣ್ಣಾ, ಕೂಡ್ರಿ. ದಸ್ತಗಿರಿ ಭಾಯ್, ಅಣ್ಣಾರಿಗೊಂದು ಚಾ!” ಹಾಲಸ್ವಾಮಿ ಎದ್ದು ಬೆಂಚು ಒರೆಸಿದ.

“ಚಾ ಆಮ್ಯಾಲೆ. ಮೂರು ದಿನ ನನ್ನ ರೇಟು ಓದಿ ಹತ್ತತ್ತು ರೂಪಾಯಿ ಮ್ಯಾಲೆ ಹಾಕ್ದೆಲ್ಲ, ಇವತ್ತ್ಯಾಕ ಆಸ್ಪರಿ ಲಾಟಿಗೆ ಹಾಕಲಿಲ್ಲ? ಖರೇ ಹೇಳು.”

“ಹತ್ತಿ ವಿಷಯದಾಗ ನಿಮ್ಮ ಕೈ ನಮ್ಮ ಮಾರ್ಕೆಟ್ಟಿಗೇ ತಕ್ಕಡಿ ಅಣ್ಣಾ. ನೀವು ಎಷ್ಟು ಬರೀತೀರೋ ಅಷ್ಟಾ ಅದರ ಬೆಲಿ ಅಂತ ಕಣ್ಣು ಮುಚ್ಚಿ ಹತ್ತು ಸೇರಿಸ್ತಿದ್ದೆ. ಇವತ್ತು ನೋಡಿದ್ರ ಬೆಣ್ಣಿಗೆ ಕಸದ ರೇಟು, ಕಸಕ್ಕ ಬೆಣ್ಣಿ ರೇಟು! ಇದು ನಮಗ ಹಾಕಿದ ಬಲಿ ಅಂತ ತಿಳೀತು. ಗೋನೆಗಂಡ್ಲದ್ದಕ್ಕ ಬೆಳಿಗ್ಗಿ ನೀವಾ ಬರೆದಿದ್ದು ನೆನಪಿತ್ತು, ಅದಕ್ಕ ಹತ್ತು ಸೇರಿಸ್ದೆ. ಆಸ್ಪರಿದಕ್ಕ ಕೈಯಾ ಹಚ್ಚಲಿಲ್ಲ.”

ಹಾಲಸ್ವಾಮಿ ಚಹಾದ ಗ್ಲಾಸನ್ನು ಜಂಬುನಾಥನ ಕೈಗಿಟ್ಟು, ನಿಜವಾಗಿಯೂ ನೊಂದವನಂತೆ ನಿಟ್ಟುಸಿರು ಬಿಟ್ಟ.

“ಇಲ್ಲಿ ಕುಂತೋರೆಲ್ಲ ‘ಜಂಬಣ್ಣ ಅದನ್ನ ಖರೇನಾ ತೊಗೊಂತಾನ’ ಅಂದ್ರಣ್ಣಾ. ‘ಛೇ, ನಮ್ಮ ಜಂಬಣ್ಣ ಅಷ್ಟು ದಡ್ಡ ಅಲ್ಲ’ ಅಂತ ನಾ ಒಬ್ಬನ ನಿಮ್ಮ ಪರ ಗುದ್ದಾಡಿದೆ. ನನ್ನ ಮರ್ಯಾದಿ ತೆಗೆದುಬಿಟ್ರಿ ನೋಡ್ರಿ!”